ಹಾಲಿನ ಕ್ಯಾನಿನಲ್ಲಿ ಮುಳುಗಿದ ಯುದ್ಧನೌಕೆಗಳು

"ಅದು ನಿನ್ ಕೈಲಿ ಆಗೋ ಕೆಲ್ಸ ಅಲ್ಲ ಬುಡಮ್ಮಾ" ಎಂದವರು ನಮ್ಮತ್ತೆ ಮುನಿಯಮ್ಮ.

ಈ ಮಾತನ್ನು ಅವರು ಒಂದೇ ಸಲ ಹೇಳಿ ಬಿಟ್ಟವರಲ್ಲ. ಮದುವೆಯಾದ ಮೇಲೆ ನಾನು ಪಿಯುಸಿಗೆ ಕಟ್ಟಿದಾಗ ಹೇಳಿದರು. ಬಿ.ಎ. ಪುಸ್ತಕಗಳು ಅಂಚೆಯಲ್ಲಿ ಬಂದಾಗ ಪೋಸ್ಟ್‌ಮ್ಯಾನನ್ನು ಜಗುಲಿಯಲ್ಲಿ ಕೂರಿಸಿ, ಮಜ್ಜಿಗೆ ಕೊಟ್ಟು, ಅವನಿಗೂ ಹೇಳಿದರು. ಕ್ಯಾಸಂಬಳ್ಳಿ ಹತ್ತಿರದ ನಮ್ಮೂರಿನ ಮಹಿಳಾ ಹಾಲಿನ ಸಂಘಕ್ಕೆ ನಾನು ಕಾರ್ಯದರ್ಶಿ. ಎರಡು ಹೊತ್ತು ಹಾಲು ಅಳೆದು, ನಡುವೆ ಕ್ಯಾನಿನ ಮೇಲೆ ಪುಸ್ತಕವಿಟ್ಟು ಓದಿ, ಎರಡು ಸಲ ಫೇಲಾಗಿ, ಮೂರನೇ ಸಲ ಪಾಸಾದೆ. ತವರು, ಗಂಡನ ಮನೆ ಎರಡನ್ನೂ ಸೇರಿಸಿ ಮೊಟ್ಟಮೊದಲ ಪದವೀಧರೆ!

ಆ ಪದವಿ ಪ್ರಮಾಣಪತ್ರ ಈಗ ಎಲ್ಲಿದೆ ಎಂದಿರಾ? ಕಬ್ಬಿಣದ ಪೆಟ್ಟಿಗೆಯಲ್ಲಿ, ಅತ್ತೆಯ ಧಾರೆ ಸೀರೆಯ ಕೆಳಗೆ. ನಮ್ಮ ನಡುಮನೆಯ ಗೋಡೆಗೆ ಇರುವುದು ಒಂದೇ ಮೊಳೆ. ಅದರಲ್ಲಿ ಮಾವನವರ ಫೋಟೋ. ಎರಡನೇ ಮೊಳೆಗೆ ಅತ್ತೆಯ ಅಪ್ಪಣೆಯಿಲ್ಲ.

"ಅಂಚೇಲಿ ಬಂದಿದ್ದಕ್ಕೆಲ್ಲಾ ಗೋಡೆ ತೂತು ಮಾಡಕ್ಕಾಯ್ತದಾ? ನಾಕು ಜನದೆದುರು ಗೆದ್ಕಂಡು ಬಾ, ನಾನೇ ಮೊಳೆ ಒಡೀತೀನಿ" ಎಂದರು.

ಆ ವಾರವೇ ಬಂಗಾರಪೇಟೆಯ ಓದುಗರ ಬಳಗವೊಂದು ವಯಸ್ಕರಿಗೆ ರಸಪ್ರಶ್ನೆ ಸ್ಪರ್ಧೆ ಏರ್ಪಡಿಸಿತು. ಹದಿನೈದು ದಿನ ಮೊದಲೇ ಚೀಟಿ ಎತ್ತಬೇಕು. ಬಂದ ವಿಷಯದಲ್ಲೇ ಪ್ರಶ್ನೆ. ನಾನು ಇತಿಹಾಸದ ಪದವೀಧರೆ ತಾನೆ? ಗಂಗರು ಬಂದರೆ ಗಂಗರು, ಚೋಳರು ಬಂದರೆ ಚೋಳರು ಎಂದು ನಿರಾಳವಾಗಿ ಡಬ್ಬಕ್ಕೆ ಕೈ ಹಾಕಿದೆ.

ಚೀಟಿಯಲ್ಲಿ ಹೀಗಿತ್ತು: "ಜಗತ್ಪ್ರಸಿದ್ಧ ಯುದ್ಧನೌಕೆಗಳು ಮತ್ತು ಸಮುದ್ರ ಸಮರಗಳು."

ನಾನು ಸಮುದ್ರವನ್ನೇ ನೋಡಿದವಳಲ್ಲ! ನಾನು ಕಂಡ ಅತಿ ದೊಡ್ಡ ನೀರು ಬೇತಮಂಗಲದ ಕೆರೆ. ಅದರಲ್ಲಿ ಕಂಡ ಅತಿ ದೊಡ್ಡ ನೌಕೆ ಮೀನು ಹಿಡಿಯುವವರ ತೆಪ್ಪ.

"ಬ್ಯಾರೆ ಚೀಟಿ ಕೊಡಿ ಅಂತ ಕೇಳ್ಬೇಕಾಗಿತ್ತು ಕಣೇ" ಎಂದರು ನನ್ನ ಗಂಡ ವೆಂಕಟೇಶ. ಆಂಡರ್ಸನ್‌ಪೇಟೆಗೆ ಶೇರ್ ಆಟೋ ಓಡಿಸುವ ಅವರಿಗೆ ದಾರಿ ಸರಿಯಿಲ್ಲದಿದ್ದರೆ ತಿರುಗಿಸಿಕೊಂಡು ಬರುವ ಅಭ್ಯಾಸ.

"ಪದವೀಧರೆ ಹಿಂದೆ ಸರಿಯುವುದಿಲ್ಲ!" ಎಂದೆ. ಅತ್ತೆ ಒಳಗಿನಿಂದಲೇ ಕೆಮ್ಮಿದರು.

ಆಂಡರ್ಸನ್‌ಪೇಟೆಯ ಪರಿಚಿತರಿಂದ ಗಂಡ ದಪ್ಪನೆಯ ಪುಸ್ತಕವೊಂದನ್ನು ಎರವಲು ತಂದರು. ಓದಿದೆ. ಒಂದು ನೌಕೆ ತಲೆಯೊಳಗೆ ಬಂದರೆ ಇನ್ನೊಂದು ಲಂಗರು ಕಿತ್ತು ಹೊರಡುತ್ತಿತ್ತು. ನಾಲ್ಕನೇ ದಿನ ನನಗೊಂದು ಮಹಾ ಉಪಾಯ ಹೊಳೆಯಿತು. ಸರ್ವನಾಶದ ಬೀಜ ಬಿದ್ದದ್ದು ಅಲ್ಲಿಯೇ.

ಹಾಲಿನ ಸಂಘದಲ್ಲಿ ಮನುಷ್ಯರಿಗೆ ಹೆಸರಿಗಿಂತ ನಂಬರ್ ಮುಖ್ಯ. ನನ್ನನ್ನು ನಿದ್ದೆಯಿಂದ ಎಬ್ಬಿಸಿ "ನಂಬರ್ ಹದಿನೇಳು" ಎನ್ನಿ. ಅವರ ಹಸುವಿನ ಬಣ್ಣ, ಹಾಲಿನ ಫ್ಯಾಟು, ಗಂಡನ ಜೊತೆ ಮಾತು ಬಿಟ್ಟ ಕಾರಣ ಮೂರನ್ನೂ ಒಪ್ಪಿಸುತ್ತೇನೆ. ಅಂದಮೇಲೆ ಒಬ್ಬೊಬ್ಬರಿಗೆ ಒಂದೊಂದು ನೌಕೆ ಅಂಟಿಸಿಬಿಟ್ಟರೆ?

ಅಂಟಿಸಿದೆ. ಯಾವ ನೌಕೆಗೂ ಇಲ್ಲದಷ್ಟು ದೊಡ್ಡ ಫಿರಂಗಿಗಳಿದ್ದ ಜಪಾನಿನ ಯಮಾಟೊ, ಐದನೇ ನಂಬರಿಗೆ. ಆಕೆ ಮನೆಯಲ್ಲಿ ಬೈದರೆ ಪಕ್ಕದೂರಿನಲ್ಲಿ ಕೇಳಿಸುತ್ತದೆ. ಅರ್ಧ ಪ್ರಪಂಚ ಸುತ್ತಿಕೊಂಡು ಹೋಗಿ ಜಪಾನಿನ ಹತ್ತಿರದ ತ್ಸುಷಿಮಾದಲ್ಲಿ ಎರಡೇ ದಿನಕ್ಕೆ ನೆಲಕಚ್ಚಿದ ರಷ್ಯದ ನೌಕಾಪಡೆ, ಇಪ್ಪತ್ತಮೂರಕ್ಕೆ. ಆಕೆ ದಾರಿಯಲ್ಲಿ ಸಿಕ್ಕಿದ ಮನೆಯಲ್ಲೆಲ್ಲಾ ಮಾತಾಡಿ ಬರುವಷ್ಟರಲ್ಲಿ ಹಾಲು ಒಡೆದಿರುತ್ತದೆ. ಚುಕ್ಕಾಣಿ ಕೆಟ್ಟು ಸುತ್ತಿದಲ್ಲೇ ಸುತ್ತಿ ಶತ್ರುಗಳಿಗೆ ಸಿಕ್ಕಿಬಿದ್ದ ಜರ್ಮನಿಯ ಬಿಸ್ಮಾರ್ಕ್, ಹನ್ನೊಂದನೇ ನಂಬರ್ ನಾರಾಯಣಮ್ಮನಿಗೆ. ಅವಳ ಹಸು ಗೌರಿಗೆ ಹಿಂಗಾಲು ಉಳುಕಿತ್ತು.

ಇನ್ನು ಸ್ವೀಡನ್ನಿನ ವಾಸಾ. ಮೈತುಂಬ ಕೆತ್ತನೆ, ಮೇಲೆಲ್ಲಾ ಭಾರ. ದಡದಲ್ಲಿ ಜನ ನೋಡುತ್ತಿದ್ದಂತೆ ಮೊದಲ ಪ್ರಯಾಣಕ್ಕೆ ಹೊರಟು, ಬಂದರು ದಾಟುವ ಮೊದಲೇ ಒಂದು ಗಾಳಿಗೆ ಮಗುಚಿತು. ಇದಕ್ಕೆ ನಾನು ಯೋಚಿಸುವುದೇ ಬೇಕಾಗಲಿಲ್ಲ. ನಂಬರ್ ಒಂದು! ಅಂದರೆ ನಮ್ಮತ್ತೆ. ಸಂಘದ ಉದ್ಘಾಟನೆಯ ದಿನ ರೇಷ್ಮೆ ಸೀರೆ ಉಟ್ಟು, ಕನಕಾಂಬರ ಮುಡಿದು, ತುಂಬಿದ ಕ್ಯಾನ್ ತಲೆ ಮೇಲೆ ಹೊತ್ತು ಎಲ್ಲರಿಗಿಂತ ಮುಂದೆ ಬಂದವರು, ಹೊಸ್ತಿಲಿನಲ್ಲೇ ಕ್ಯಾನ್ ಸಮೇತ ಮಗುಚಿಕೊಂಡಿದ್ದರು. ಆ ವಿಷಯ ಅಂದಿನಿಂದ ಇಂದಿನವರೆಗೆ ಊರಲ್ಲಿ ಯಾರೂ ಎತ್ತಿಲ್ಲ. ಎತ್ತುವ ಧೈರ್ಯ ಯಾರಿಗಿದೆ?

ಅಭ್ಯಾಸ ಅದ್ಭುತವಾಗಿ ಸಾಗಿತು. ಒಬ್ಬೊಬ್ಬರು ಬಂದು ನಿಂತಂತೆ ಒಂದೊಂದು ನೌಕೆಯ ಚರಿತ್ರೆ ತುಟಿಯಲ್ಲೇ ಒಪ್ಪಿಸುತ್ತಿದ್ದೆ. ಒಂದು ಬೆಳಿಗ್ಗೆ ನಾರಾಯಣಮ್ಮನ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು, "ನೀರು ನುಗ್ಗಿತು, ಉಳಿಯಲಿಲ್ಲ" ಎಂದು ಬಿಸ್ಮಾರ್ಕಿನ ಕೊನೆಯ ಗಳಿಗೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಿಬಿಟ್ಟೆ.

"ಯಾರ ಆಲಿಗಮ್ಮಾ ನೀರು ನುಗ್ಗಿದ್ದು?" ನಾರಾಯಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನಮ್ ಗೌರಿ ಮೇಲಾಣೆ, ಒಂದು ತೊಟ್ಟು ಬೆರಸಿದ್ರೆ ಕೇಳು!"

"ಹಾಲಿಗಲ್ಲ ನಾರಾಯಣಮ್ಮ, ಹಡಗಿಗೆ!"

"ನಮ್ಮನೇಲಿ ಅಡಗೆಲ್ಲೈತೆ?"

ಸರದಿಯಲ್ಲಿದ್ದ ಹೆಂಗಸರೆಲ್ಲಾ ತಂತಮ್ಮ ಕ್ಯಾನ್ ಮುಚ್ಚಿಕೊಂಡರು. ಅವರನ್ನು ಸಮಾಧಾನ ಮಾಡಲು ಚರಿತ್ರೆ ಸಾಲದೆಹೋಯಿತು. ಎಲ್ಲರನ್ನೂ ಸ್ಪರ್ಧೆಗೆ ಕರೆದೊಯ್ದು, ಆಮೇಲೆ ಬಂಗಾರಪೇಟೆ ಪಾನಿಪುರಿ ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ. ಹೀಗೆ ನನ್ನ ಮರ್ಯಾದೆ ಹೋಗುವುದನ್ನು ನೋಡಲು ಪ್ರೇಕ್ಷಕರನ್ನು ನಾನೇ ಆಟೋ ಮಾಡಿ ಕರೆದುಕೊಂಡು ಹೋದೆ!

ಭಾನುವಾರ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅತ್ತೆ, ಅದೇ ರೇಷ್ಮೆ ಸೀರೆಯಲ್ಲಿ. ಮೂರನೇ ಸಾಲಿನಲ್ಲಿ ನಾರಾಯಣಮ್ಮ. ಪ್ರಶ್ನೆ ಕೇಳುವವರು ಒಬ್ಬ ನಿವೃತ್ತ ಮೇಷ್ಟ್ರು. ನನಗೆ ಮೂರು ಪ್ರಶ್ನೆ. ಬಾಯಿಂದ ಮೊದಲು ಬಂದದ್ದೇ ಉತ್ತರ, ತಿದ್ದುಪಡಿ ಇಲ್ಲ.

"ಯಮಾಟೊ ನೌಕೆಯ ವಿಶೇಷವೇನು?"

"ಅತಿ ದೊಡ್ಡ ಫಿರಂಗಿಗಳು ಸಾರ್!"

ಚಪ್ಪಾಳೆ! "ವಿಡಾದೆ ಅಕ್ಕಾ, ಬುಡಬ್ಯಾಡ!" ಎಂದು ಗಂಡನ ಆಟೋ ಸ್ಟ್ಯಾಂಡಿನ ಗೆಳೆಯರೊಬ್ಬರು ತಮಿಳು ಕನ್ನಡ ಎರಡರಲ್ಲೂ ಕೂಗಿದರು. ನನ್ನ ಕಣ್ಣಿಗೆ ಗೋಡೆ ಕಂಡಿತು, ಗೋಡೆಯಲ್ಲಿ ಎರಡನೇ ಮೊಳೆ ಕಂಡಿತು.

"ಬಿಸ್ಮಾರ್ಕ್ ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದದ್ದು ಏಕೆ?"

"ಹಿಂಗಾಲು ಉಳುಕಿತ್ತು ಸಾರ್!"

ಮೇಷ್ಟ್ರು ಕನ್ನಡಕ ತೆಗೆದರು. "ನೌಕೆಯದೇ?"

ನಾನು ಬಾಯಿ ತೆರೆಯುವ ಮೊದಲೇ ಮೂರನೇ ಸಾಲು ಎದ್ದು ನಿಂತಿತು. "ಅದು ನಮ್ಮ ಗೌರಿ ಸಾರ್! ಉಳುಕಿದ್ದು ಓದ ತಿಂಗ್ಳು. ಈಗ ಚೆನ್ನಾಗೈತೆ!"

ಅಂಕ ಹೋಯಿತು. ಆದರೂ ಕೊನೆಯ ಪ್ರಶ್ನೆಗೆ ದುಪ್ಪಟ್ಟು ಅಂಕ, ಅದನ್ನು ಗೆದ್ದರೆ ಮೊದಲ ಸ್ಥಾನ ನನ್ನದೇ. ಇಷ್ಟು ದಿನ ನಾನು ಜನರ ಮುಖ ನೋಡಿ ನೌಕೆ ಹೇಳುವುದನ್ನು ಕಲಿತಿದ್ದೆನೇ ಹೊರತು, ನೌಕೆಯ ಕಥೆ ಕೇಳಿದರೆ ಯಾರ ಮುಖ ಎದುರಿಗೆ ಬರುತ್ತದೆ ಎಂದು ಪರೀಕ್ಷಿಸಿಕೊಂಡಿರಲಿಲ್ಲ. ಅಲಂಕಾರ ಹೆಚ್ಚಾಗಿ, ಮೇಲ್ಭಾರ ತಡೆಯದೆ, ಮೊದಲ ಪ್ರಯಾಣದಲ್ಲೇ ಜನರೆದುರು ಮಗುಚಿದ್ದು ಯಾವುದು ಎಂದು ಮೇಷ್ಟ್ರು ಗಂಭೀರವಾಗಿ ಕೇಳಿದರು.

ಎದುರಿಗೆ ರೇಷ್ಮೆ ಸೀರೆ. ಕನಕಾಂಬರ.

"ನಮ್ಮತ್ತೆ!" ಎಂದೆ.

ಮೈಕು ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅಲ್ಲಿಗೆ ನಿಲ್ಲಿಸಿದ್ದರೂ ಬದುಕಿಕೊಳ್ಳುತ್ತಿದ್ದೆ. ಆದರೆ ಪದವೀಧರೆಯಲ್ಲವೆ, ಉತ್ತರಕ್ಕೆ ಆಧಾರ ಒದಗಿಸಬೇಡವೆ? "ಅಂದರೆ ಸಾರ್, ಸಂಘದ ಉದ್ಘಾಟನೆ ದಿನ ತಲೆ ಮೇಲೆ ಕ್ಯಾನ್ ಹೊತ್ತು, ಹೊಸ್ತಿಲಲ್ಲಿ..." ಎಂದು ಇಷ್ಟು ವರ್ಷ ಊರೇ ಮುಚ್ಚಿಟ್ಟಿದ್ದ ಚರಿತ್ರೆಯನ್ನು ಇಡೀ ಬಂಗಾರಪೇಟೆಗೆ ಸವಿವರವಾಗಿ ನಿವೇದಿಸಿದೆ. ಸಭೆ ಬೆಂಚು ತಟ್ಟಿ ನಕ್ಕಿತು. ನನ್ನ ಗಂಡ ಆಟೋ ನೋಡಿಕೊಂಡು ಬರುವ ನೆಪದಲ್ಲಿ ಎದ್ದು ಹೊರಟೇಹೋದರು.

ಮೂವರು ಸ್ಪರ್ಧಿಗಳಲ್ಲಿ ನಾನು ಮೂರನೆಯವಳು. "ಭಾಗವಹಿಸಿದ್ದಾರೆ" ಎಂಬ ಪ್ರಮಾಣಪತ್ರವನ್ನು ಮೇಷ್ಟ್ರು ಬಹಳ ಮರುಕದಿಂದ ಕೊಟ್ಟರು.

ಪಾನಿಪುರಿ ಗಾಡಿಯ ಹತ್ತಿರ ಎಲ್ಲರೂ ತಿನ್ನುತ್ತಿದ್ದರು. ಅತ್ತೆ ಮಾತ್ರ ಒಂದನ್ನೂ ಮುಟ್ಟದೆ ದೊನ್ನೆ ಹಿಡಿದು ನಿಂತಿದ್ದರು. ನಾನು ತಲೆ ತಗ್ಗಿಸಿ ಪ್ರಮಾಣಪತ್ರ ಚಾಚಿದೆ. "ತಗೊಳ್ಳಿ ಅತ್ತೆ. ಇದನ್ನೂ ಪೆಟ್ಟಿಗೆಗೆ ಹಾಕಿ. ಗೋಡೆಗೆ ಮೊಳೆ ಬೇಡ."

ಅವರು ತಗೊಳ್ಳಲಿಲ್ಲ. "ಆ ಅಡಗು ಆಮೇಲೆ ಏನಾಯ್ತು?"

"ಯಾವ ಹಡಗು?"

"ಅದೇ, ನಾನು."

"ಮುನ್ನೂರು ವರ್ಷದ ಮೇಲೆ ನೀರಿಂದ ಎತ್ತಿದರು ಅತ್ತೆ. ಈಗ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ದೇಶದೇಶದ ಜನ ಟಿಕೆಟ್ ತಗೊಂಡು ಬಂದು ನೋಡ್ತಾರೆ."

"ಗೆದ್ದ ಅಡಗುಗಳ್ನ?"

"ಅದಕ್ಕೆ ಬರೋ ಅಷ್ಟು ಜನ ಅವುಕ್ಕೆಲ್ಲಾ ಬರಲ್ಲ."

ಅತ್ತೆ ಪಾನಿಪುರಿಯೊಂದನ್ನು ಬಾಯಿಗೆ ಹಾಕಿಕೊಂಡು ಪೂರ್ತಿ ಅಗಿದು ನುಂಗಿದರು. ಸೆರಗಿಗೆ ಕೈ ಒರೆಸಿ ಪ್ರಮಾಣಪತ್ರ ಇಸಿದುಕೊಂಡರು. ಅದರ ಬಂಗಾರದ ಅಂಚು, ಮೂಲೆಯಲ್ಲಿ ನನ್ನ ವಿಷಯಕ್ಕೆಂದು ಅಚ್ಚಾಗಿದ್ದ ಹಡಗಿನ ಚಿತ್ರ ಎರಡನ್ನೂ ಬೆರಳಿನಲ್ಲಿ ಸವರಿದರು.

"ಮುಳುಗಿದ್ದುನ್ನೇ ಅಲ್ವಾ ಜನ ನೋಡೋದು? ನಾಳೆ ಮೊಳೆ ಒಡ್ದು ಇದುನ್ನ ನೇತಾಕ್ತೀನಿ, ಬಂದೋರೆಲ್ಲಾ ನೋಡ್ಲಿ" ಎಂದರು ನಮ್ಮತ್ತೆ. "ನಿನ್ ಡಿಗ್ರಿ ಪೆಟ್ಟಿಗೇಲೇ ಇರ್ಲಿ ಬುಡು. ಅದ್ರಾಗೆ ಚಿತ್ರಾನೇ ಇಲ್ಲ!"