ಹನ್ನೊಂದು ಕ್ಯಾಮರಾಗಳ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನ ಮನೆಯಲ್ಲಿ ಹನ್ನೊಂದು ಕ್ಯಾಮರಾಗಳಿದ್ದವು. ಆದರೆ ಆ ಮಹಾನುಭಾವರು ಬದುಕಿನಲ್ಲಿ ಒಂದೇ ಒಂದು ಫೋಟೋ ತೆಗೆದವರಲ್ಲ! ನಾಲ್ಕು ವರ್ಷ ಅವರ ಮನೆಯಲ್ಲಿ ಇರದೆ ಹೋಗಿದ್ದರೆ ಇದನ್ನು ನಾನೂ ನಂಬುತ್ತಿರಲಿಲ್ಲ. ಹನ್ನೊಂದೋ ಹನ್ನೆರಡೋ ಎಂಬುದರಲ್ಲಿ ಮಾತ್ರ ಈಗಲೂ ಸ್ವಲ್ಪ ಅನುಮಾನ. ನನ್ನ ದಿನಚರಿಯಲ್ಲಿ ಹನ್ನೊಂದು ಎಂದಿದೆ. ಕಣ್ಣು ಮುಚ್ಚಿ ಒಂದೊಂದಾಗಿ ಎಣಿಸಿದರೆ ಹನ್ನೆರಡು ಬರುತ್ತವೆ. ದಿನಚರಿ ಬರೆದವಳೂ ನಾನೇ, ಕಣ್ಣು ಮುಚ್ಚಿದವಳೂ ನಾನೇ. ಯಾರನ್ನು ನಂಬಲಿ? ಬರೆದಿಟ್ಟವಳಿಗೆ ಆಗ ಇಪ್ಪತ್ಮೂರು ವರ್ಷ, ಕಣ್ಣು ಚುರುಕಾಗಿತ್ತು. ಅವಳ ಮಾತೇ ಇರಲಿ.

ಕ್ಯಾಮರಾ ಎಂದರೆ ಹೆಗಲಿಗೆ ತಗುಲಿಸಿಕೊಳ್ಳುವ ಪುಟ್ಟ ಡಬ್ಬಿ ಎಂದುಕೊಳ್ಳಬೇಡಿ. ಇವು ಮರದ ಪೆಟ್ಟಿಗೆಗಳು. ಮುಂದೊಂದು ಹಲಗೆ, ಹಿಂದೊಂದು ಹಲಗೆ, ನಡುವೆ ಕಮ್ಮಾರನ ತಿದಿಯ ಹಾಗೆ ಮಡಿಕೆ ಮಡಿಕೆಯಾದ ಚರ್ಮ. ಮುಂದಿನ ಹಲಗೆಯಲ್ಲಿ ಹಿತ್ತಾಳೆಯ ಕೊಳವೆಯೊಳಗೆ ಲೆನ್ಸು, ಹಿಂದೆ ಮಸುಕು ಗಾಜು. ಮೂರು ಕಾಲಿನ ಮೇಲೆ ನಿಲ್ಲಿಸಿ, ಕರಿ ಬಟ್ಟೆಯೊಳಗೆ ತಲೆ ತೂರಿಸಿ, ಗಾಜಿನ ಮೇಲೆ ಬಿಂಬ ಸರಿಯಾಗಿ ಕೂಡಿತೇ ಎಂದು ನೋಡಿ, ಆಮೇಲೆ ಅದೇ ಜಾಗಕ್ಕೆ ಮದ್ದು ಹಚ್ಚಿದ ಗಾಜಿನ ಪ್ಲೇಟು ಸಿಕ್ಕಿಸಿ, ಲೆನ್ಸಿನ ಮುಚ್ಚಳ ತೆಗೆದು, ಎಣಿಸಿ, ಮತ್ತೆ ಮುಚ್ಚಬೇಕು. ನಾನು ಹಾಸನಕ್ಕೆ ಬರುವ ಹೊತ್ತಿಗೆ ಸ್ಟುಡಿಯೋದವರೆಲ್ಲ ಫಿಲಂ ರೋಲಿಗೆ ಬದಲಾಗಿ ಈ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದ್ದರು. ಚಿಕ್ಕಪ್ಪ ಅಟ್ಟದಿಂದ ಇಳಿಸುತ್ತಿದ್ದರು!

ಚಿಕ್ಕಪ್ಪನೆಂದರೆ ನನ್ನ ತಾಯಿಯ ತಂಗಿಯ ಗಂಡ, ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರು. ಸೇರು ಹೋಗಿ ಕಿಲೋ ಬರುತ್ತಿದ್ದ ಕಾಲ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂದು ಊರೂರು ತಿರುಗಿ, ಅಂಗಡಿಗಳ ತಕ್ಕಡಿ ನೋಡಿ, ತೂಕದ ಬೊಟ್ಟುಗಳಿಗೆ ಮುದ್ರೆ ಒತ್ತುವುದು ಅವರ ಕೆಲಸ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ ಹಾಸನದ ಹೆಣ್ಣುಮಕ್ಕಳ ಹೈಸ್ಕೂಲಿಗೆ ಮೇಡಂ ಆಗಿ ಬಂದು ಅವರ ಮನೆಯ ಮುಂದಿನ ಕೋಣೆಯಲ್ಲಿ ಇಳಿದುಕೊಂಡೆ. ಕೋಣೆ ನನ್ನದೊಬ್ಬಳದೇ ಅಲ್ಲ, ಅಲ್ಲಿ ನಾಲ್ಕು ಕ್ಯಾಮರಾಗಳೂ ಇದ್ದವು ಎಂಬುದು ಸೀರೆ ಬದಲಾಯಿಸುವಾಗ ಗೊತ್ತಾಯಿತು. ಒಂದೊಂದಕ್ಕೂ ಒಂದೊಂದು ಟವೆಲು ಹೊದೆಸಿದೆ.

ಇಷ್ಟಕ್ಕೂ ಈ ಹುಚ್ಚು ಯಾಕೆ? ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟವರಲ್ಲ. ಚಿಕ್ಕಪ್ಪ ಹುಟ್ಟಿದ್ದು ದೊಡ್ಡಗದ್ದವಳ್ಳಿಯಲ್ಲಿ. ಐದು ವರ್ಷದವರಿದ್ದಾಗ ಊರಿಗೆ ಒಬ್ಬ ಫೋಟೋದವನು ಬಂದ. ಅವರಮ್ಮ ಮಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೋಕ್ಕೆ ಕೂತರು. "ಮುಂದಿನ ಸಲ ಬರುವಾಗ ಪಟ ತರ್ತೀನಿ" ಎಂದು ಹೋದವನು ಮತ್ತೆ ಬರಲೇ ಇಲ್ಲ. ಮರುವರ್ಷ ಜ್ವರ ಬಂದು ಅಮ್ಮ ತೀರಿಕೊಂಡರು. ಅವರದು ಬೇರೆ ಪಟವಿಲ್ಲ. ಚಿಕ್ಕಪ್ಪನಿಗೆ ಅವರ ಮುಖ ನೆನಪಿಲ್ಲ.

"ಅಮ್ಮನ ಮುಖ ಮರೆತಿದೆ, ಕ್ಯಾಮರಾದ ಮುಖ ನೆನಪಿದೆ ನೋಡಮ್ಮ!" ಎಂದು ಅವರೇ ನಗುತ್ತಿದ್ದರು. "ಇಲ್ಲೇ ನೋಡು ಅಂದ. ಅಲ್ಲೇ ನೋಡ್ದೆ. ಒಂಚೂರು ಪಕ್ಕಕ್ಕೆ ತಿರುಗಿದ್ರೆ ಅಮ್ಮನ್ನ ನೋಡಬಹುದಿತ್ತು. ವಿಧೇಯ ಹುಡುಗ ನಾನು!"

ಕುಂಕುಮಗೆಂಪು ಬಣ್ಣದ ಮಡಿಕೆ ಚರ್ಮ. ಮುಂದಿನ ಹಲಗೆಯಲ್ಲಿ ಬಿರುಕು. ಆ ಬಿರುಕಿಗೆ ವೀಳ್ಯದೆಲೆಯ ಆಕಾರದ ಹಿತ್ತಾಳೆ ತಗಡಿನ ತೇಪೆ. ಇಷ್ಟು ಗುರುತು. ಆ ಕ್ಯಾಮರಾ ಸಿಕ್ಕರೆ ಅದರ ಯಜಮಾನ ಸಿಕ್ಕಾನು, ಯಜಮಾನನ ಟ್ರಂಕಿನಲ್ಲಿ ಹಳೆಯ ಪ್ಲೇಟುಗಳಿದ್ದಾವು, ಅವುಗಳ ನಡುವೆ ಅಮ್ಮ ಇದ್ದಾರು. ಇದು ಚಿಕ್ಕಪ್ಪನ ಲೆಕ್ಕ. ಮನೆಯಲ್ಲಿದ್ದ ಹನ್ನೊಂದೂ ಅದಲ್ಲದವು!

ಅದಲ್ಲ ಎಂದು ತಿಳಿದ ಮೇಲೂ ಬಿಟ್ಟು ಬರಬಾರದೇ? "ಇಷ್ಟು ದೂರ ಬಂದು ಮುಟ್ಟಿ ನೋಡಿ ಬಿಟ್ಟು ಬಂದರೆ ಅದಕ್ಕೆ ಬೇಜಾರಾಗಲ್ವಾ?" ಎನ್ನುತ್ತಿದ್ದರು, ಹೆಣ್ಣು ನೋಡಲು ಹೋದವರ ಹಾಗೆ. ಹುಡುಕುತ್ತಾ ಹುಡುಕುತ್ತಾ ಗುರುತು ಹಿಡಿಯುವುದರಲ್ಲಿ ಪಂಡಿತರಾಗಿಬಿಟ್ಟಿದ್ದರು. ಮೊದಲು ಮೂಸಿ ನೋಡುವುದು. ತೇಗವೋ, ಬೀಟೆಯೋ, ಬಿಳಿಯರ ಸೀಮೆಯಿಂದ ಬಂದ ಮರವೋ ಎಂದು ಮೂಗೇ ಹೇಳುತ್ತಿತ್ತು. ಆಮೇಲೆ ತಿರುಪಿನ ತಲೆ. ಗೀರು ನಟ್ಟನಡುವೆ ಇದ್ದರೆ ಯಂತ್ರದ್ದು, ಓರೆಯಾಗಿದ್ದರೆ ಕೈಯಲ್ಲಿ ಕೊರೆದದ್ದು. ಆಮೇಲೆ ಹಲಗೆಗಳು ಕೂಡುವ ಮೂಲೆ. ಸೀಮೆಯ ಬಡಗಿ ಬೆರಳಿಗೆ ಬೆರಳು ಹೆಣೆದ ಹಾಗೆ ಸಣ್ಣಗೆ ಹೆಣೆದಿರುತ್ತಾನೆ, ಅದನ್ನು ನೋಡಿ ಮಾಡಿದ ನಮ್ಮ ಬಡಗಿಯ ಬೆರಳು ಸ್ವಲ್ಪ ದಪ್ಪ. ಕೊನೆಗೆ ಅಂಗುಲದಲ್ಲಿ ಒಮ್ಮೆ, ಸೆಂಟಿಮೀಟರಿನಲ್ಲಿ ಒಮ್ಮೆ ಅಳತೆ. ಸರ್ಕಾರದ ಆಜ್ಞೆಯಲ್ಲವೇ!

ಬರೆದುಕೊಳ್ಳುವುದು ನನ್ನ ಪಾಲು. ಭಾನುವಾರ ಬಸ್ಸಿನಲ್ಲಿ ಅವರ ಜೊತೆ ಹೊರಡುತ್ತಿದ್ದೆ. ಬರೆದುಕೊಂಡದ್ದರಿಂದಲೇ ಒಮ್ಮೆ ತಕರಾರಾಯಿತು. ಮೊದಲ ವರ್ಷ ತೇಪೆ ಹಲಗೆಯ ಎಡಕ್ಕಿತ್ತು ಎಂದವರು ಎರಡನೆಯ ವರ್ಷ ಬಲಕ್ಕೆ ಎಂದರು.

"ಚಿಕ್ಕಪ್ಪ, ಹೋದ ವರ್ಷ ಎಡ ಅಂದಿದ್ರಿ."

"ಎಡವೇ ಕಣಮ್ಮ. ನನ್ನ ಎಡ. ನಾನು ಎದುರಿಗೆ ನಿಂತಿದ್ದೆ, ಅದರ ಬಲ."

"ಈಗಲೂ ಎದುರಿಗೇ ನಿಂತಿದೀರಿ."

"ಬಿ.ಎ. ಓದಿಸಿದ್ದೇ ತಪ್ಪಾಯ್ತು!" ಎಂದು ಮುಖ ತಿರುಗಿಸಿದರು. ಓದಿಸಿದ್ದು ನಮ್ಮಪ್ಪ, ಇವರಲ್ಲ. ಆದರೂ ಅಂದು ನನಗೆ ಪಿಚ್ಚೆನಿಸಿತು. ಐದು ವರ್ಷದ ಮಗು ಕಂಡದ್ದನ್ನು ನಾನು ಹೀಗೆ ಪಾಟೀಸವಾಲು ಮಾಡಬಹುದೇ? ನನ್ನ ಕಳೆದ ವಾರದ್ದೇ ನನಗೆ ನೆಟ್ಟಗೆ ನೆನಪಿರುವುದಿಲ್ಲ.

ಹೊಳೆನರಸೀಪುರದ ಕ್ಯಾಮರಾ ಮಾತ್ರ ಮರೆಯುವಂಥದ್ದಲ್ಲ. ಒಬ್ಬ ಅಜ್ಜಿಯ ಹಿತ್ತಲಿನಲ್ಲಿ ಅದು ಇದೆ ಎಂದು ಕೇಳಿ ಹೋದೆವು. ಇತ್ತು. ಲೆನ್ಸಿರಬೇಕಾದ ತೂತಿನಿಂದ ಒಂದು ಕೋಳಿ ಕತ್ತು ಹೊರಗೆ ಹಾಕಿ ನಮ್ಮನ್ನು ನೋಡುತ್ತಿತ್ತು! ಅಷ್ಟು ಗಮನವಿಟ್ಟು ಯಾವ ಸ್ಟುಡಿಯೋದವನೂ ನನ್ನನ್ನು ನೋಡಿದ್ದಿಲ್ಲ.

"ಕಾವಿಗೆ ಕೂತದೆ ಕಣಪ್ಪ, ಎಬ್ಬುಸ್ಬ್ಯಾಡ" ಎಂದಳು ಅಜ್ಜಿ.

"ಛೆ ಛೆ, ಎಬ್ಬಿಸ್ತೀನಾ ಅಜ್ಜಿ? ಇನ್ನೆಷ್ಟು ದಿನ?"

"ಮೊನ್ನೆ ಕೂತದೆ. ಅದ್ಕೇನು ಅವಸ್ರ? ನಿಂಗ್ಯಾಕಪ್ಪ ಅವಸ್ರ?"

ಮೂರು ಭಾನುವಾರ ಹೋದೆವು. ಚಿಕ್ಕಪ್ಪ ಕೋಳಿಯ ಎದುರು ಕುಕ್ಕರಗಾಲಲ್ಲಿ ಕೂತು, ಹೊರಗಿನಿಂದ ಸಿಕ್ಕಷ್ಟು ಅಳತೆ ತೆಗೆದುಕೊಂಡರು. ನಾಲ್ಕನೆಯ ವಾರ ತೆರವಾಯಿತು. ತೇಪೆಯಿಲ್ಲ, ಚರ್ಮದ ಮಡಿಕೆಗಳನ್ನು ಇಲಿ ತಿಂದಿತ್ತು. ಆ ದಿನದ ಟಿಪ್ಪಣಿ ಅವರು ಹೇಳಿದಂತೆಯೇ ನನ್ನ ಕೈಬರಹದಲ್ಲಿದೆ: "ಬೀಟೆ. ಸ್ಥಳೀಯ ಕೆಲಸ. ಅದಲ್ಲ. ಎಂಟು ಮರಿ."

ಇನ್ಸ್‌ಪೆಕ್ಟರಿಗೆ ಕ್ಯಾಮರಾ ಎಂದರೆ ಪ್ರಾಣ ಎಂಬ ಸುದ್ದಿ ಸಂತೆಗಳಲ್ಲೆಲ್ಲ ಹರಡದೆ ಇರುತ್ತದೆಯೇ? ಚನ್ನರಾಯಪಟ್ಟಣದ ಒಬ್ಬ ಕಿರಾಣಿಯವರು ಒಂದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೇ ತಂದರು. ಚಿಕ್ಕಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡರು. ಲಂಚ! ಮುಟ್ಟುವಂತಿಲ್ಲ. ಆದರೆ ಚರ್ಮದ ಬಣ್ಣ ಕೆಂಪು! ಬಂದವರನ್ನು ಕೂರಿಸಿ, ಕಾಫಿ ಕೊಡಿಸಿ, ಅಷ್ಟರಲ್ಲಿ ಪೆಟ್ಟಿಗೆಯನ್ನು ಮೂಸಿ, ಬಿಚ್ಚಿ, ಅಳೆದು, ಬರೆಸಿ, ಮತ್ತೆ ಅದೇ ಬಟ್ಟೆಯಲ್ಲಿ ಸುತ್ತಿ ಅವರ ತೊಡೆಯ ಮೇಲಿಟ್ಟರು. "ತಗೊಂಡ್ಹೋಗಿ ಸ್ವಾಮಿ, ಅದಲ್ಲ. ಅದಾಗಿದ್ರೂ ತಗೋತಿರ್ಲಿಲ್ಲ." ಮರುದಿನವೇ ಅವರ ಅಂಗಡಿಗೆ ಹೋಗಿ ಕಳ್ಳ ಬೊಟ್ಟು ಹಿಡಿದರು. ಕೊನೆಯ ಮಾತು ನಿಜವಿತ್ತೇ ಎಂದು ನಾನು ಕೇಳಲಿಲ್ಲ. ಅವರೂ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ.

ಚಿಕ್ಕಮ್ಮ ಇದನ್ನೆಲ್ಲ ಹೇಗೆ ಸಹಿಸಿಕೊಂಡರೋ! ಸಹಿಸಿಕೊಂಡರು ಎಂದೂ ಹೇಳಲಾರೆ. ಕ್ಯಾಮರಾದ ಕರಿ ಬಟ್ಟೆಯಲ್ಲಿ ಹುರುಳಿಕಾಳು ಕಟ್ಟಿ ಮೊಳಕೆ ಬರಿಸುತ್ತಿದ್ದರು. "ಕತ್ತಲೆ ಚೆನ್ನಾಗಿದೆ ಕಣೇ ಇದರಲ್ಲಿ" ಎಂದು ನನಗೆ ಕಣ್ಣು ಹೊಡೆಯುತ್ತಿದ್ದರು. ಚಿಕ್ಕಪ್ಪ ಬೆಳಿಗ್ಗೆ ಬಟ್ಟೆಯೊಳಗೆ ತಲೆ ತೂರಿಸಿದರೆ ಮೊಳಕೆಯ ವಾಸನೆ.

ಬೆಳಗಿನ ಆ ಹೊತ್ತು ನನಗೆ ಕನಸಿನ ಹಾಗೆ ಉಳಿದಿದೆ. ಹಿತ್ತಲಿನಲ್ಲಿ ಒಂದು ಕ್ಯಾಮರಾ ನಿಲ್ಲಿಸಿ ಅವರು ಕರಿ ಬಟ್ಟೆಯೊಳಗೆ ಸೇರಿಬಿಟ್ಟರೆ ಆಫೀಸಿನ ಹೊತ್ತಿನವರೆಗೂ ಹೊರಗೆ ಬರುತ್ತಿರಲಿಲ್ಲ. ಒಂದು ದಿನ ನನ್ನನ್ನೂ ಒಳಗೆ ಕರೆದರು. ಮಸುಕು ಗಾಜಿನ ಮೇಲೆ ಎಲ್ಲವೂ ತಲೆಕೆಳಗು. ಆಕಾಶ ಕೆಳಗೆ, ಕೊಳದ ಹಾಗೆ. ಅದರಲ್ಲಿ ಗುಬ್ಬಿಗಳು ಈಜುತ್ತಿವೆ. ಮೇಲಿನ ನೆಲದಿಂದ ತೂಗುಬಿದ್ದ ಚಿಕ್ಕಮ್ಮ ತಂಬಿಗೆ ಬಗ್ಗಿಸಿದರೆ ನೀರು ಮೇಲಕ್ಕೆ ಸುರಿದು ತುಳಸಿಯ ಬುಡ ಸೇರುತ್ತಿದೆ. ಸದ್ದಿಲ್ಲ. ಬಣ್ಣಗಳೆಲ್ಲ ನೀರಿನಲ್ಲಿ ನೆನೆಸಿದ ಹಾಗೆ ಮೆತ್ತಗಿವೆ. ಹೊರಗೆ ಬರಲು ನನಗೂ ಮನಸ್ಸಾಗಲಿಲ್ಲ.

"ಅದರೊಳಗಾದ್ರೂ ನಾನು ನೆಟ್ಟಗೆ ಕಾಣ್ತೀನಾ?" ಚಿಕ್ಕಮ್ಮ ಕೂಗಿದರು.

"ಇಲ್ಲ ಕಣೇ, ತಲೆಕೆಳಗು!"

"ಇವರನ್ನ ಕಟ್ಕೊಂಡೋಳು ಇನ್ನು ಹೆಂಗೆ ಕಾಣ್ತಾಳೆ ಬಿಡಿ!"

ಅರಕಲಗೂಡಿನ ಸುದ್ದಿ ಬಂದದ್ದು ನಾನು ಆ ಮನೆಗೆ ಬಂದ ನಾಲ್ಕನೆಯ ವರ್ಷ. ಅಲ್ಲಿ ಒಬ್ಬ ಮುದುಕ ಇದ್ದಾನೆ, ಹಿಂದೆ ಊರೂರು ಸುತ್ತಿ ಫೋಟೋ ತೆಗೆಯುತ್ತಿದ್ದವನು, ಪೆಟ್ಟಿಗೆಗೆ ಹಿತ್ತಾಳೆ ತೇಪೆ ಇದೆ ಎಂದು ಅಂಗಡಿಯವರೊಬ್ಬರು ಹೇಳಿದರು. ಭಾನುವಾರ ಬೆಳಿಗ್ಗೆ ಬುತ್ತಿ ಕಟ್ಟುತ್ತಾ ಚಿಕ್ಕಮ್ಮ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು.

"ಸಿಗದಿದ್ರೆ ಚಿಂತೆಯಿಲ್ಲ ಕಣೇ, ಇನ್ನೊಂದು ಭಾನುವಾರ ಇದೆ. ಸಿಕ್ಕಿ, ಅದರಲ್ಲೂ ಅವರಮ್ಮ ಇಲ್ದಿದ್ರೆ? ಹತ್ತಿರ ಇರು."

ಮುದುಕನ ಕಣ್ಣಿಗೆ ಪೊರೆ ಬಂದಿತ್ತು. ನಾವು ಯಾರೆಂದು ಹೇಳಿದ ಮೇಲೆ ಪೆಟ್ಟಿಗೆಯನ್ನು ತಾನೇ ತಡಕಿ ತಂದು ಜಗಲಿಯ ಮೇಲಿಟ್ಟ. ಕೊಬ್ಬರಿ ಎಣ್ಣೆ ಹಚ್ಚಿ ಹಚ್ಚಿ ಮರ ಕನ್ನಡಿಯಾಗಿತ್ತು. ವೀಳ್ಯದೆಲೆಯ ತೇಪೆ ಎಡಕ್ಕೂ ಇರಲಿಲ್ಲ, ಬಲಕ್ಕೂ ಇರಲಿಲ್ಲ. ನಟ್ಟನಡುವೆ, ಲೆನ್ಸಿನ ಕೆಳಗೆ! ಚರ್ಮವೋ ಕಪ್ಪು. ಚಿಕ್ಕಪ್ಪ ಮೂಸಲಿಲ್ಲ, ಅಳೆಯಲಿಲ್ಲ. ಉಗುರಿನಿಂದ ಒಂದು ಮಡಿಕೆ ಬಿಡಿಸಿದರು. ಕಪ್ಪು ಪಾಲಿಷ್ ತಾಗದ ಒಳಗೆರೆಯಲ್ಲಿ ಕುಂಕುಮಗೆಂಪು.

"ದೊಡ್ಡಗದ್ದವಳ್ಳಿಗೆ ಹೋಗಿದ್ರಾ?" ಎಂದರು.

"ಓಗಿವ್ನಿ ಸಾ. ಒಂದೇ ಸಲ. ಗುಡಿ ಪಟ ತಕ್ಕೊಂಡ್ಬಾ ಅಂತ ಬಿಳೀ ದೊರೆ ಕಳ್ಸಿದ್ದ."

"ಗುಡಿ ಆದ ಮೇಲೆ ಊರವರದ್ದೂ ತೆಗೆದ್ರಿ. ಒಬ್ಬ ತಾಯಿ, ಮಗ. ಆ ತಾಯಿ ಈಗಿಲ್ಲ. ಮಗ ನಾನೇ. ಆ ಪ್ಲೇಟು ಬೇಕಾಗಿತ್ತು."

ಮುದುಕ ಪೆಟ್ಟಿಗೆಯ ಮೇಲೆ ಕೈಯಾಡಿಸಿದ.

"ಒಡೆದೋಯ್ತು ಅಂತ ಯೋಳ್ಬೋದು ಸಾ. ತೂಕದ ಸಾಹೇಬ್ರ ಮುಂದೆ ಸುಳ್ಳ್ಯಾಕೆ? ದೊರೆ ಕೊಟ್ಟಿದ್ದು ಎಂಟೇ ಪ್ಲೇಟು. ಎಂಟೂ ಗುಡಿಗೇ ಆಗೋಯ್ತು. ಊರೋರು ಬಂದು ಮುತ್ಕೊಂಡ್ರು. ಎಂಗುಸ್ರು ಪಾಪ, ತಲೆ ಬಾಚ್ಕೊಂಡು, ಸೀರೆ ಉಟ್ಕೊಂಡು ಬಂದ್ಬುಟ್ಟಿದ್ರು. ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಬರೀ ಪೆಟ್ಗೆ ಇಟ್ಟು ಮುಚ್ಚಳ ತಗ್ದೆ. ತರ್ತೀನಿ ಅಂದ್ಬುಟ್ಟೆ. ಅದ್ಕೇ ಮತ್ತೆ ಆ ದಿಕ್ಕಿಗೆ ಓಗ್ಲಿಲ್ಲ."

ನಾನು ಚಿಕ್ಕಪ್ಪನ ಹತ್ತಿರ ಸರಿದೆ. ಇಡೀ ಜೀವನ ಹುಡುಕಿದ ಪಟ ಯಾವತ್ತೂ ಇರಲೇ ಇಲ್ಲ! ಕೂಗಾಡುತ್ತಾರೆ, ಇಲ್ಲವೇ ಅಳುತ್ತಾರೆ ಎಂದುಕೊಂಡೆ. ಅವರು ಇನ್ಸ್‌ಪೆಕ್ಟರಿನ ದನಿಯಲ್ಲೇ ಕೇಳಿದರು:

"ಮುಚ್ಚಳ ತೆಗೆದು ಎಷ್ಟು ಎಣಿಸ್ತಿದ್ರಿ?"

"ಪ್ಲೇಟಿದ್ರೆ ಆರು ಸಾ. ಇಲ್ದಿದ್ರೆ ಇಪ್ಪತ್ತು. ಅನ್ಮಾನ ಬರಬಾರ್ದಲ್ಲ, ಅದ್ಕೆ ಉದ್ದುಕ್ಕೆ ಎಣಿಸ್ತಿದ್ದೆ."

"ಸರಿಯಾಗಿದೆ" ಎಂದರು ಚಿಕ್ಕಪ್ಪ. "ನಮಗೆ ಇಪ್ಪತ್ತು ಎಣಿಸಿದ್ರಿ. ನಾನು ಅಲ್ಲಾಡ್ತಿದ್ದೆ. ಅಲ್ಲಾಡದ ಹಾಗೆ ಅಮ್ಮ ನನ್ನ ಹೆಗಲ ಮೇಲೆ ಕೈ ಒತ್ತಿ ಹಿಡಿದಿದ್ಲು. ಎಷ್ಟು ಹೊತ್ತು ಹಿಡಿದಿದ್ಲು! ಅವಳು ಮುಟ್ಟಿದ್ದು ಅಂತ ನನಗೆ ನೆನಪಿರೋದು ಅದೊಂದೇ." ಮುದುಕನ ಕಡೆ ಬಾಗಿದರು. "ಪ್ಲೇಟಿದ್ದಿದ್ರೆ ಆರಕ್ಕೇ ಬಿಟ್ಟುಬಿಡ್ತಿದ್ಲಲ್ವಾ?"

ಮುದುಕ ತಲೆ ಬಗ್ಗಿಸಿ ತೇಪೆಯನ್ನು ಸವರಿದ.

"ಇನ್ನೊಂದು ಸಲ ಎಣಿಸ್ತೀರಾ?" ಎಂದರು ಚಿಕ್ಕಪ್ಪ.

ಮೂರು ಕಾಲಿನ ಮೇಲೆ ಪೆಟ್ಟಿಗೆ ನಿಲ್ಲಿಸಿದೆವು. ಒಂದು ಕಾಲು ಗಿಡ್ಡ, ಅದಕ್ಕೆ ಕಲ್ಲು ಕೊಟ್ಟೆ. ಲೆನ್ಸಿನ ಮುಚ್ಚಳ ಎಂದೋ ಕಳೆದಿತ್ತು, ತೆಂಗಿನ ಕರಟವನ್ನೇ ಉಜ್ಜಿ ಮಾಡಿದ್ದ ಮುಚ್ಚಳವಿತ್ತು. ಚಿಕ್ಕಪ್ಪ ಅಂಗಳದಲ್ಲಿ ನಿಂತರು. ಪೊರೆಗಣ್ಣಿನ ಮುದುಕ ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ಏನು ಕಂಡನೋ! ಹೊರಗೆ ಬಂದು ಕರಟ ತೆಗೆದು ಒಂದು, ಎರಡು ಎಂದು ಶುರು ಮಾಡಿದ.

ಆ ದಿನದ ದಿನಚರಿಯಲ್ಲಿ ಹೀಗಿದೆ: "ಅರಕಲಗೂಡು. ಅದೇ. ಚಿಕ್ಕಪ್ಪ ತರಲಿಲ್ಲ." ಇನ್ನೇನೂ ಬರೆದಿಲ್ಲ. ಮುಂದಿನದನ್ನು ಕಂಡೆನೋ, ಆಮೇಲೆ ಕಟ್ಟಿಕೊಂಡೆನೋ ಪ್ರಮಾಣ ಮಾಡಿ ಹೇಳಲಾರೆ. ಚಿಕ್ಕಪ್ಪ ಉಸಿರು ಬಿಗಿಹಿಡಿದು ಲೆನ್ಸನ್ನೇ ನೋಡುತ್ತಿದ್ದರು. ಎಂಟು ಹತ್ತು ಎನ್ನುವ ಹೊತ್ತಿಗೆ ಅವರ ಬಲ ಹೆಗಲು, ಮೇಲೆ ಏನೋ ಭಾರ ಕೂತ ಹಾಗೆ, ಒಂದು ಬೆರಳಿನಷ್ಟು ಕೆಳಗೆ ಇಳಿಯಿತು. ಹದಿನೈದರ ಹೊತ್ತಿಗೆ ಮೆಲ್ಲಗೆ ಆ ಕಡೆಗೆ ಮುಖ ತಿರುಗಿಸಿದರು. ಇಪ್ಪತ್ತು ಬಂತು. ಮುದುಕ ಕರಟ ಮುಚ್ಚಲಿಲ್ಲ. ಒಂದು ಗಳಿಗೆ ತಡೆದು, "ಇಪ್ಪತ್ತೊಂದು" ಅಂದ.