ಹದಿನೇಳನೇ ಪ್ರಶ್ನೆಗೆ ನಾವು ಬರೆದ ಉತ್ತರದ ಬಗ್ಗೆ

ಮಾನ್ಯ ವ್ಯವಸ್ಥಾಪಕರೇ,

ಘಟ್ಟದ ಮೇಲಿರುವ ನಾವು ಘಟ್ಟದ ಕೆಳಗಿರುವ ತಮಗೆ ಮನೆಮಂದಿ, ದನಕರು ಸಮೇತರಾಗಿ ಮಾಡುವ ಅನಂತ ನಮಸ್ಕಾರಗಳು. ‘ಮಾಲೈ ನಿಳಲ್’, ಅಂದರೆ ಸಂಜೆಯ ನೆರಳು, ಎಂಬ ತಂಪಾದ ಹೆಸರಿನ ತಮ್ಮ ವೃದ್ಧರ ಆರೈಕೆ ನಿಲಯದಿಂದ ದೀಪಾವಳಿಗೆ ನಾಲ್ಕು ದಿನ ಮುಂಚೆ ಹೊರಟ ತಿರಸ್ಕಾರ ಪತ್ರ ನಮಗೆ ಸರಿಯಾಗಿ ಹಬ್ಬದ ಹಿಂದಿನ ದಿನ ಎಣ್ಣೆಸ್ನಾನದ ಹೊತ್ತಿಗೆ ತಲುಪಿತು. ನಮ್ಮ ದೊಡ್ಡಪ್ಪ ಶಿವಶಂಕರಪ್ಪನವರನ್ನು ‘ಬಾಲ್ಯದಿಂದಲೂ ಇತರರ ಮೇಲೆ ಹೊಲಸು ಎಸೆಯುವ, ವಂಶಪಾರಂಪರ್ಯವಾಗಿ ಬಂದ ಹಿಂಸಾ ಪ್ರವೃತ್ತಿಯ’ ಕಾರಣದಿಂದ ಸೇರಿಸಿಕೊಳ್ಳಲಾಗುವುದಿಲ್ಲ, ಕುಟುಂಬದ ಉಳಿದ ಗಂಡಸರೂ ಮನೋವೈದ್ಯರನ್ನು ಕಾಣುವುದು ಒಳ್ಳೆಯದು ಎಂದು ತಾವು ಬರೆದಿದ್ದೀರಿ. ಉಳಿದ ಗಂಡಸರಲ್ಲಿ ನಾನೂ ಒಬ್ಬನಾದ್ದರಿಂದ ಮೊದಲು ನನ್ನ ವಿಶೇಷ ವಂದನೆಗಳನ್ನು ಸ್ವೀಕರಿಸಬೇಕು.

ನಾನು ಗುಮಟಾಪುರದ ಹತ್ತಿರದ ಹಾಲು ಸೊಸೈಟಿಯಲ್ಲಿ ಹದಿನಾಲ್ಕು ವರ್ಷದಿಂದ ಕಾರ್ಯದರ್ಶಿಯಾಗಿದ್ದೇನೆ. ದಿನಕ್ಕೆರಡು ಹೊತ್ತು ಲ್ಯಾಕ್ಟೋಮೀಟರ್ ಇಳಿಸಿ ಯಾರ ಹಾಲಿನಲ್ಲಿ ಎಷ್ಟು ನೀರಿದೆ ಎಂದು ನೋಡುವುದೇ ನನ್ನ ಕಸುಬು. ಆದ್ದರಿಂದ ದೊಡ್ಡಪ್ಪನಿಗೆ ನಿಲಯ ಹುಡುಕುವ ಕೆಲಸ ಸಹಜವಾಗಿಯೇ ನನ್ನ ತಲೆಗೆ ಬಿತ್ತು. ಸೆಪ್ಟೆಂಬರ್ ತಿಂಗಳಲ್ಲಿ ನಾನು, ದೊಡ್ಡಪ್ಪ, ದೊಡ್ಡವ್ವ ಶಿವಮಲ್ಲಮ್ಮ ಮೂವರೂ ದಿಂಬಂ ಘಟ್ಟದ ಇಪ್ಪತ್ತೇಳು ತಿರುವು ಇಳಿದು ತಮ್ಮ ಬಾಗಿಲಿಗೆ ಬಂದೆವು. ಬೆಳಿಗ್ಗೆ ತಿಂಡಿ ತಿಂದದ್ದೇ ನೆನಪಿಲ್ಲದ ದೊಡ್ಡಪ್ಪ ಬಸ್ಸಿನಲ್ಲಿ ತಿರುವುಗಳನ್ನು ಒಂದೊಂದಾಗಿ ಎಣಿಸಿ, ಒಂದು ಕಡಿಮೆ ಬಂತೆಂದು ಕಂಡಕ್ಟರನ ಹತ್ತಿರ ಜಗಳಕ್ಕೆ ನಿಂತರು. ಇದನ್ನು ತಮ್ಮ ಅರ್ಜಿಯಲ್ಲಿ ಬರೆಯಲು ಜಾಗವಿರಲಿಲ್ಲ.

ಅವರನ್ನು ಎಲ್ಲಾದರೂ ಸೇರಿಸಬೇಕೆಂಬ ಯೋಚನೆ ನಮಗೆ ಏಕೆ ಬಂತೆಂದು ತಾವು ಅಂದು ಕೇಳಲಿಲ್ಲ. ಕೇಳದಿದ್ದರೂ ಹೇಳುವುದು ನನ್ನ ಕರ್ತವ್ಯ. ದೊಡ್ಡಪ್ಪ ದಿನಕ್ಕೆ ಮೂರು ಸಲ ಲಿಂಗಪೂಜೆ ಮಾಡುತ್ತಾರೆ, ಭಕ್ತಿ ಹೆಚ್ಚಾಗಿ ಅಲ್ಲ, ಮಾಡಿದ್ದು ಮರೆತು. ದೊಡ್ಡವ್ವನನ್ನು ತೋರಿಸಿ, ಈ ಅಜ್ಜಿ ಬಹಳ ಕೆಲಸ ಮಾಡುತ್ತಾಳೆ, ಹೊಟ್ಟೆ ತುಂಬ ಊಟ ಕೊಡಿ ಎಂದು ನಮಗೆ ಶಿಫಾರಸು ಮಾಡುತ್ತಾರೆ. ಇದೆಲ್ಲ ನಗುತ್ತಾ ನಡೆದುಹೋಗುತ್ತದೆ. ನಗಲಾಗದ್ದು ಸಂಜೆಯ ಹೊತ್ತು. ಹಾಲು ಕರೆಯುವ ವೇಳೆಗೆ ಅವರು ಹಗ್ಗ ಹೆಗಲಿಗೆ ಹಾಕಿಕೊಂಡು, ಸತ್ತು ಇಪ್ಪತ್ತು ವರ್ಷವಾದ ಕೆಂದಿ ಎಂಬ ಹಸುವನ್ನು ಹೊಡೆದುಕೊಂಡು ಬರಲು ಜೀರಹಳ್ಳಿ ಕಾಡಿನ ಕಡೆಗೆ ಹೊರಟುಬಿಡುತ್ತಾರೆ. ಮಂಡಿನೋವಿನ ದೊಡ್ಡವ್ವ ಹಿಂದೆ ಓಡಲಾರಳು. ಎರಡು ಸಲ ಫಾರೆಸ್ಟ್ ವಾಚರ್‌ಗಳು ಕರೆತಂದು ಬಿಟ್ಟರು; ಎರಡನೇ ಸಲ ಅವರು ಸಿಕ್ಕ ಜಾಗದಿಂದ ಕೂಗಳತೆಯಲ್ಲೇ ಆನೆಗಳಿದ್ದವಂತೆ. ಅಂದಿನಿಂದ ದೊಡ್ಡವ್ವ ಸಂಜೆ ನಾಲ್ಕಕ್ಕೇ ಬಾಗಿಲಿಗೆ ಅಡ್ಡ ಕೂರುತ್ತಾಳೆ, ಅವರು ಅವಳನ್ನು ದಾಟಲು ನೋಡುತ್ತಾರೆ, ಇವಳು ಅಳುತ್ತಾಳೆ. ನನಗೋ ಆ ಹೊತ್ತಿಗೆ ಸೊಸೈಟಿಯಲ್ಲಿ ಹಾಲಿನ ಸಾಲು.

ಇನ್ನು ನನ್ನ ವಿಷಯ. ಒಂದೂವರೆ ವರ್ಷದಿಂದ ಅವರು ನನ್ನನ್ನು ದನದ ಆಸ್ಪತ್ರೆಯ ಕಾಂಪೌಂಡರ್ ಎಂದೇ ತಿಳಿದಿದ್ದಾರೆ. ಎದ್ದು ನಿಂತು, “ಬನ್ನಿ ಸಾರ್, ಕೂತ್ಕಳಿ” ಎನ್ನುತ್ತಾರೆ. ಹೆಗಲ ಮೇಲೆ ಹೊತ್ತು ಸಾಕಿದವರಿಂದ ಬಹುವಚನ ಪಡೆಯುವುದು ಎಷ್ಟು ದೊಡ್ಡ ಶಿಕ್ಷೆ ಎಂದು ನನಗೆ ಮುಂಚೆ ಗೊತ್ತಿರಲಿಲ್ಲ.

ತಮ್ಮ ನಿಲಯವನ್ನು ಹೊಗಳದೆ ಮುಂದೆ ಹೋದರೆ ನಾನು ಕೃತಘ್ನನಾಗುತ್ತೇನೆ. ಎಂಥ ನೆಲ ಸ್ವಾಮಿ ಅದು! ನಮ್ಮ ಸೊಸೈಟಿಯ ಕ್ಯಾನುಗಳನ್ನೂ ನಾವು ಅಷ್ಟು ತೊಳೆಯುವುದಿಲ್ಲ. ಬೆಳಗಿನ ಒಂಬತ್ತರಿಂದ ಹನ್ನೆರಡರವರೆಗೆ ‘ಅಮೈದಿ ನೇರಂ’, ಮೌನದ ಸಮಯ, ಎಂದು ಗೋಡೆಯ ಮೇಲೆ ಬರೆಸಿದ್ದೀರಿ. ಹತ್ತೊಂಬತ್ತು ಹಿರಿಯರು ಒಂದೇ ಬಣ್ಣದ ಬಟ್ಟೆ ತೊಟ್ಟು, ಒಂದೇ ಸಾಲಿನಲ್ಲಿ ಕೂತು, ಟಿ.ವಿ.ಯಲ್ಲಿ ಅತ್ತೆ ಸೊಸೆಯರು ಕಿರುಚಾಡುವುದನ್ನು ಮೌನವಾಗಿ ನೋಡುತ್ತಿದ್ದರು. ದೊಡ್ಡಪ್ಪನನ್ನು ನೋಡುವ ಡಾಕ್ಟರು ಏನೇನು ಕೇಳಬೇಕೆಂದು ಬರೆದುಕೊಟ್ಟಿದ್ದ ಚೀಟಿ ನೋಡಿಕೊಂಡು ನಾನು ಕೇಳಿದೆ: ರಾತ್ರಿ ಎಷ್ಟು ಜನ ಆಯಾಗಳಿರುತ್ತಾರೆ, ಕನ್ನಡ ಬರುವವರು ಯಾರಾದರೂ ಇದ್ದಾರೆಯೇ, ತಿರುಗಾಡುವ ಅಭ್ಯಾಸದವರನ್ನು ಏನು ಮಾಡುತ್ತೀರಿ. ಮೂರಕ್ಕೂ ತಾವು ‘ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ’ ಎಂಬ ಒಂದೇ ಉತ್ತರವನ್ನು ಹಂಚಿದಿರಿ. ಲ್ಯಾಕ್ಟೋಮೀಟರ್ ಎಲ್ಲಿ ನಿಂತಿತೆಂದು ಹೇಳಲಾರೆ, ಅತಿಥಿಯಾಗಿ ಬಂದವನು. ಆದರೆ ಬೂದು ಸೀರೆಯ ಆಯಾ ಒಬ್ಬಳು ದೊಡ್ಡಪ್ಪನ ಕಾಲಿನ ಚಪ್ಪಲಿ ಅದಲುಬದಲಾಗಿದ್ದದ್ದನ್ನು ಕಂಡು, ಕೆಳಗೆ ಕೂತು ಸರಿಮಾಡಿದಳು. ಅದರಲ್ಲಿ ಒಂದು ಹನಿ ನೀರೂ ಇರಲಿಲ್ಲ.

ನಿಜ ಹೇಳಿಬಿಡುತ್ತೇನೆ, ತಮ್ಮ ಗೇಟಿನ ಬೀಗದ ಗಾತ್ರ ನೋಡಿ ನನಗೆ ಸಮಾಧಾನವಾಯಿತು, ಮತ್ತು ಆ ಸಮಾಧಾನಕ್ಕೆ ನಾಚಿಕೆಯೂ ಆಯಿತು. ಆದರೂ ಅರ್ಜಿ ತುಂಬಲು ಕೂತೆ.

ಈಗ ಆ ಅರ್ಜಿ. ‘ಅಭ್ಯಾಸಗಳು’ ಎಂಬ ತಲೆಬರಹದ ಕೆಳಗೆ ತಾವು ಮಾಂಸ ತಿನ್ನುತ್ತಾರೆಯೇ, ಯಾವ ದೇವರ ಪೂಜೆ, ಹಬ್ಬಗಳಲ್ಲಿ ಉಪವಾಸವುಂಟೇ ಎಂದೆಲ್ಲ ಅಕ್ಕರೆಯಿಂದ ಕೇಳಿ, ಅದರ ಬೆನ್ನಿಗೇ ಹದಿನೇಳನೆಯದಾಗಿ ‘ಇತರರ ಮೇಲೆ ಏನನ್ನಾದರೂ ಎಸೆಯುವ ಅಭ್ಯಾಸವಿದೆಯೇ, ಇದ್ದರೆ ವಿವರಿಸಿ’ ಎಂದು, ಒಂದಷ್ಟು ಉಪಪ್ರಶ್ನೆಗಳ ಸಮೇತ ಕೇಳಿದ್ದಿರಿ. ತಾವು ನಮ್ಮ ಹಬ್ಬದ ವಿಚಾರ ಕೇಳುತ್ತಿದ್ದೀರಿ ಎಂದೇ ನಾವು ತಿಳಿದೆವು. ಒಂದೇ ಜಿಲ್ಲೆಯವರಲ್ಲವೇ, ನಮ್ಮ ಮಾತು ಕನ್ನಡ, ತಮ್ಮದು ತಮಿಳಾದರೇನು, ನಡುವೆ ತಿರುವುಗಳಿದ್ದರೇನು, ಕೇಳಿ ತಿಳಿದಿರುತ್ತಾರೆ ಎಂದುಕೊಂಡೆವು. ನಾನು ಕೊಂಚ ಅನುಮಾನಿಸಿದ್ದುಂಟು. ದೊಡ್ಡವ್ವ, “ಬರ್ಯಪ್ಪ, ದೇವ್ರ ಇಚಾರ ಮುಚ್ಚಿಡ್ಬಾರ್ದು” ಎಂದಳು. ಹೀಗಾಗಿ ನಾನು ದುಂಡಗಿನ ತಮಿಳಿನಲ್ಲಿ ಬರೆದೆ: ಎಸೆಯುತ್ತಾರೆ. ಏನನ್ನು? ಸಗಣಿ. ಎಷ್ಟು ಸಲ? ವರ್ಷಕ್ಕೊಮ್ಮೆ, ದೀಪಾವಳಿ ಕಳೆದ ಮೇಲೆ. ಯಾವ ವಯಸ್ಸಿನಿಂದ? ಏಳರಿಂದ. ಕುಟುಂಬದಲ್ಲಿ ಬೇರೆ ಯಾರಿಗಾದರೂ ಇದೆಯೇ? ಗಂಡಸರೆಲ್ಲರಿಗೂ, ಸುತ್ತಲ ಹಳ್ಳಿಗಳವರಿಗೂ. ಚಿಕಿತ್ಸೆ ಪಡೆದಿದ್ದಾರೆಯೇ? ಕೆರೆಯಲ್ಲಿ ಮಿಂದು ಊರದೇವರು ಬೀರೇಶ್ವರನ ಪ್ರಸಾದ ಪಡೆಯುತ್ತಾರೆ.

ಆ ಉತ್ತರವನ್ನು ಓದುವಾಗ ತಾವು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ್ದನ್ನು ನಾನು ಕಂಡೆ. ಫ್ಯಾನಿನ ಗಾಳಿಗಿರಬೇಕೆಂದುಕೊಂಡೆ.

ತಿರಸ್ಕಾರ ಪತ್ರ ಬಂದ ಮೇಲೆ ನನಗೂ ತಮ್ಮ ಭಯ ಅಂಟಿಕೊಂಡಿತು. ಈ ವರ್ಷ ದೊಡ್ಡಪ್ಪನನ್ನು ಸಗಣಿ ಹಬ್ಬಕ್ಕೆ ಕರೆದೊಯ್ಯುವುದು ಬೇಡ, ಆ ಗಲಾಟೆಯಲ್ಲಿ ಗಾಬರಿಯಾದರೆ, ಜಾರಿ ಬಿದ್ದರೆ ಎಂದು ವಾದಿಸಿದೆ. ದೊಡ್ಡವ್ವ ತಮ್ಮ ಪತ್ರವನ್ನು ನನ್ನ ಕೈಯಿಂದ ತೆಗೆದು ಮಡಿಸಿಟ್ಟಳು. “ಕಾಗ್ದ ಬರ್ದೋನು ಬ್ಯಾಡ ಅಂದ್ರೆ, ಬೀರೇಸ್ವರ ಬ್ಯಾಡ ಅಂದ್ನಾ?” ಎಂದಳು. ನಾನು ದೊಡ್ಡಪ್ಪನ ಟವೆಲ್ ಹುಡುಕಲು ಎದ್ದೆ.

ಹಬ್ಬದ ದಿನ ಎಂದಿನಂತೆ ಮನೆಮನೆಯಿಂದ ಬಂದ ಸಗಣಿ ಬೀರೇಶ್ವರನ ಗುಡಿಯ ಹಿಂದೆ ಆಳೆತ್ತರ ರಾಶಿಯಾಗಿತ್ತು. ಪೂಜೆ ಮುಗಿದು ಗಂಡಸರು ಬರಿಮೈಯಲ್ಲಿ ರಾಶಿಗೆ ಇಳಿದರು. ಮೈಮೇಲೆ ಬಿದ್ದರೆ ಕಾಯಿಲೆ ವಾಸಿ ಎಂಬುದು ನಮ್ಮವರ ನಂಬಿಕೆ. ನಾನು ಮಾತ್ರ ಜವಾಬ್ದಾರಿಯ ಮನುಷ್ಯನಾಗಿ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ದೊಡ್ಡಪ್ಪನ ಟವೆಲ್ ಹಿಡಿದು ಅಂಚಿನಲ್ಲಿ, ಕಲ್ಲುಕಂಬದ ಮರೆಯಲ್ಲಿ ನಿಂತಿದ್ದೆ. ದೊಡ್ಡಪ್ಪ ರಾಶಿಯ ಪಕ್ಕಕ್ಕೆ ಹೋದರು. ಆಮೇಲೆ ಬಾಗಿ ಹಿಡಿ ತುಂಬ ತೆಗೆದುಕೊಂಡು, ಎರಡೂ ಅಂಗೈಯಲ್ಲಿ ಉಂಡೆ ಕಟ್ಟಿದರು. ಲಿಂಗಪೂಜೆ ಮಾಡಿದ್ದನ್ನೇ ಮರೆಯುವವರ ಕೈಗಳು ಇದನ್ನು ಮರೆತಿರಲಿಲ್ಲ. ಸುತ್ತಲೂ ಅಷ್ಟು ಜನರಿದ್ದರೂ ಯಾರ ಮೇಲೂ ಎಸೆಯದೆ ಒಬ್ಬೊಬ್ಬರನ್ನೇ ನೋಡುತ್ತಾ ಬಂದು, ನನ್ನ ಮೇಲೆ ಕಣ್ಣು ನಿಲ್ಲಿಸಿದರು.

“ಲೋ ರಾಜ್‌ಸೇಕ್ರ, ಅಲ್ಯಾಕ್ಲಾ ಅವುತ್ಕಂಡಿದ್ದೀಯ? ಬೆನ್ನ್ ಕೊಡ್ಲಾ” ಎಂದರು.

ನಾನು ಬೆನ್ನು ಕೊಟ್ಟೆ. ಎಪ್ಪತ್ತನಾಲ್ಕು ವರ್ಷದ ಆ ಕೈ ಗುರಿ ತಪ್ಪಲಿಲ್ಲ. ಮಾನ್ಯರೇ, ತಾವು ಹಿಂಸೆ ಎಂದು ಬರೆದದ್ದು ನನ್ನ ಎರಡು ಹೆಗಲುಗಳ ನಡುವೆ ಬಿದ್ದು ಸಿಡಿಯಿತು, ನಾನು ಕಂಬ ಹಿಡಿದುಕೊಂಡು ಅತ್ತುಬಿಟ್ಟೆ. ಒಂದೂವರೆ ವರ್ಷದ ಬಹುವಚನ ಅಲ್ಲಿಗೆ ತೊಳೆದುಹೋಯಿತು. ಆಮೇಲೆ ನಾನೂ ಅಂಗಿ ಸಮೇತ ರಾಶಿಗೆ ಹಾರಿ ಅವರಿಗೆ ನಾಲ್ಕು ಹೊಡೆದೆ ಎಂಬುದನ್ನು ತಮ್ಮ ವೈದ್ಯಕೀಯ ಕಡತಕ್ಕೆ ಸೇರಿಸಿಕೊಳ್ಳಬಹುದು.

ಪವಾಡವೇನೂ ಆಗಲಿಲ್ಲ. ಮರುದಿನ ಬೆಳಿಗ್ಗೆ ನಾನು ಮತ್ತೆ ಕಾಂಪೌಂಡರ್ ಆಗಿದ್ದೆ, ಸಂಜೆ ಹಗ್ಗ ಮತ್ತೆ ಹೆಗಲೇರಿತು. ಆದರೆ ಆ ರಾಶಿಯಲ್ಲಿ ದೊಡ್ಡಪ್ಪನ ಪಕ್ಕದಲ್ಲಿ ನಿಂತು ಎಸೆದವರಲ್ಲಿ ದೊಡ್ಡಮಾದನೂ ಇದ್ದ. ಚಿಕ್ಕಂದಿನಲ್ಲಿ ಅವರ ಜೊತೆ ದನ ಮೇಯಿಸಿದವನು, ನಮ್ಮ ಹೊಲದಲ್ಲೇ ಕೂಲಿ ಮಾಡುತ್ತಾ ಮುದುಕನಾದವನು. ನಾವು ದೊಡ್ಡಪ್ಪನನ್ನು ಹಿಂದಿನಿಂದ ಕೂಗಿ ಕರೆಯುವುದನ್ನು ಕಂಡು ಅವನು ನಕ್ಕ. “ಇಂದ್ಲಿಂದ ಕೂಗುದ್ರೆ ದನ ಮುಂದ್ಕೇ ಓಯ್ತದೆ ಕಣಪ್ಪ. ಮುಂದ್ಕೋಗಿ ನಿಂತ್ರೆ ತಾನೇ ತಿರುಗ್ತದೆ” ಎಂದ. ಈಗ ದಿನಾ ಸಂಜೆ ಅವನು ನಮ್ಮ ಮನೆಗೇ ಬಂದು ಕಾಫಿ ಕುಡಿದು, ದೊಡ್ಡಪ್ಪ ಹೊರಟಾಗ ಬೇರೆ ದಾರಿಯಲ್ಲಿ ಮುಂದೆ ಹೋಗಿ ಹುಣಸೆಮರದ ಹತ್ತಿರ ಎದುರಾಗುತ್ತಾನೆ. ಕೆಂದಿ ಆಗಲೇ ಹಟ್ಟಿಗೆ ಬಂದಳಲ್ಲ ಎನ್ನುತ್ತಾನೆ. ಇಬ್ಬರೂ ಮಾತಾಡುತ್ತಾ ಹಿಂತಿರುಗುತ್ತಾರೆ. ಹತ್ತು ದಿನದಿಂದ ದೊಡ್ಡವ್ವ ಬಾಗಿಲಿಗೆ ಅಡ್ಡ ಕೂತಿಲ್ಲ. ಇದು ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ; ದೊಡ್ಡಮಾದನಿಗೂ ವಯಸ್ಸಾಗಿದೆ.

ಆದಕಾರಣ ಮುಂದೊಂದು ದಿನ ನಾವು ಮತ್ತೆ ತಮ್ಮ ಗೇಟಿಗೆ ಬರಬೇಕಾಗಬಹುದು. ಅಷ್ಟರೊಳಗೆ ತಾವು ದಯಮಾಡಿ ಕೆಲವು ಸಣ್ಣಪುಟ್ಟ ಅನುಕೂಲ ಮಾಡಿಕೊಡಬೇಕಾಗಿ ಕೋರುತ್ತೇನೆ. ಟಿ.ವಿ. ಇರುವ ಜಾಗದಲ್ಲಿ ಒಂದು ಕರೆಯುವ ಹಸುವನ್ನು ಕಟ್ಟಿಸಬೇಕು, ಕೆಂದು ಬಣ್ಣದ್ದಾದರೆ ಉತ್ತಮ. ಗೇಟಿನಿಂದಾಚೆ ಒಂದು ಹುಣಸೆಮರ ನೆಟ್ಟು ಅದನ್ನು ಬೇಗ ಬೆಳೆಸಿ, ಅದರ ಕೆಳಗೆ ದೊಡ್ಡಮಾದನಂಥ ಒಬ್ಬರನ್ನು ನೇಮಿಸಬೇಕು. ದೀಪಾವಳಿ ಕಳೆದ ಮೇಲೆ ಅಂಗಳಕ್ಕೆ ಎರಡು ಟ್ರ್ಯಾಕ್ಟರ್ ಸಗಣಿ ಹೊಡೆಸಿ, ಹತ್ತೊಂಬತ್ತು ಹಿರಿಯರನ್ನೂ ಸಾಲಿನಿಂದ ಎಬ್ಬಿಸಿ ತಂದು ನಿಲ್ಲಿಸಬೇಕು. ಸಗಣಿ ಕಳಿಸುವ ಹೊಣೆ ಸೊಸೈಟಿಯದು. ಆ ಬೂದು ಸೀರೆಯ ಆಯಾಳನ್ನು ವ್ಯವಸ್ಥಾಪಕಿಯನ್ನಾಗಿ ಮಾಡಿದರೆ ಉಳಿದದ್ದೆಲ್ಲವನ್ನೂ ನಾವು ಅಡ್ಜಸ್ಟ್ ಮಾಡಿಕೊಳ್ಳುತ್ತೇವೆ.

ಕೊನೆಯದಾಗಿ, ತಮ್ಮ ಹದಿನೇಳನೇ ಪ್ರಶ್ನೆಯಲ್ಲಿ ಏನು ಎಸೆಯುತ್ತಾರೆ, ಎಷ್ಟು ಸಲ ಎಸೆಯುತ್ತಾರೆ, ಯಾವಾಗಿನಿಂದ ಎಸೆಯುತ್ತಾರೆ ಎಂದೆಲ್ಲ ಇದೆ, ಯಾರ ಮೇಲೆ ಎಸೆಯುತ್ತಾರೆ ಎಂದು ಮಾತ್ರ ಇಲ್ಲ. ಅದನ್ನೂ ಸೇರಿಸಿ. ಮುಂದಿನ ಸಲ ನಾನು ಆ ಜಾಗದಲ್ಲಿ ನನ್ನ ಹೆಸರು ಬರೆಯುತ್ತೇನೆ.

ಹೊಡೆಸಿಕೊಂಡ ಬೆನ್ನಿನಿಂದ ಬಾಗಿ ನಮಿಸುವ,
ತಮ್ಮ ವಿಶ್ವಾಸಿ,
ರಾಜಶೇಖರ್

ತಾ.ಕ.: ಉತ್ತರಗಳಿಗೆ ಪುರಾವೆ ಲಗತ್ತಿಸತಕ್ಕದ್ದು ಎಂದು ಅರ್ಜಿಯ ಕಡೆಯ ಸಾಲಿನಲ್ಲಿ ಇತ್ತು. ಅಂಗಿಯ ಬೆನ್ನಿನಿಂದ ದೊಡ್ಡವ್ವ ಕೆರೆದು ತೆಗೆದದ್ದನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ಚೆನ್ನಾಗಿ ಒಣಗಿದೆ, ಹೆದರಬೇಡಿ. ಹಸಿಯದೇ ಬೇಕೆಂದರೆ ಮುಂದಿನ ದೀಪಾವಳಿಗೆ ಬನ್ನಿ. ಬರುವಾಗ ಬೆನ್ನು ತನ್ನಿ.