ಸಂತಜ್ಜನ ಕೆಂಪು ಪುಸ್ತಕದಲ್ಲಿ ನನ್ನ ಪುಟ

ನಮ್ಮ ಮನೆಯಲ್ಲಿ ನನ್ನ ಮಾತಿಗೆ ಎಷ್ಟು ಬೆಲೆಯೆಂದರೆ, ನಾನು "ಊಟಕ್ಕೆ ಬನ್ನಿ" ಎಂದು ಕೂಗಿದರೆ ಬೆಕ್ಕು ಕೂಡ ಮೊದಲು ನನ್ನ ಹೆಂಡತಿ ಹಿಸ್ಕೆಯ ಮುಖ ನೋಡಿ, ಅವಳು ಹೂಂ ಅಂದ ಮೇಲೆ ಏಳುತ್ತದೆ. ಎಂಟು ವರ್ಷದ ಮಗಳು ನೀಂಕೆ ಬಾಗಿಲ ಹಾದಿಯಲ್ಲೇ ಸೈಕಲ್ಲನ್ನು ಅಡ್ಡ ನಿಲ್ಲಿಸುತ್ತಾಳೆ. ಐದು ವರ್ಷದ ಮಗ ಯೋರಿಟ್ ತಟ್ಟೆಯಲ್ಲಿರುವ ಪುಟಾಣಿ ಕೋಸುಗಳನ್ನು ಒಂದೊಂದಾಗಿ ಹೂಕುಂಡದಲ್ಲಿ ಬಿತ್ತನೆ ಮಾಡುತ್ತಾನೆ. ಫ್ರಾನೆಕರ್ ಊರಿನ ಅರ್ಧದಷ್ಟು ಕಿಟಕಿಗಳಿಗೆ ಗಾಜು ಕೂರಿಸಿದವನು ನಾನು. ಅದಕ್ಕೇ ಇರಬೇಕು, ಮನೆಯವರು ನನ್ನನ್ನೂ ಗಾಜೆಂದೇ ತಿಳಿದಿದ್ದಾರೆ: ನನ್ನನ್ನು ಹಾದು ಆಚೆಗೆ ನೋಡುತ್ತಾರೆ.

ನವೆಂಬರ್ ನಡುವಿನಲ್ಲಿ, ಪ್ರತಿ ವರ್ಷದಂತೆ, ಮಕ್ಕಳಿಗೆ ಉಡುಗೊರೆ ಹೊತ್ತು ಸಂತಜ್ಜನ ಹಡಗು ಬಂದಿತು. (ಸಿಂಟರ್‌ಕ್ಲಾಸ್ ಎಂಬುದು ಪೂರ್ತಿ ಹೆಸರು. ನಮ್ಮ ಮನೆಯಲ್ಲಿ ಬರೀ ಸಂತಜ್ಜ.) ಅಂದಿನಿಂದ ಮಕ್ಕಳು ಒಲೆಯ ಪಕ್ಕ ಬೂಟಿಟ್ಟು, ಅದರೊಳಗೆ ಅವನ ಬಿಳಿ ಕುದುರೆಗೆ ಕ್ಯಾರೆಟ್ ಇಟ್ಟು, ಗಂಟಲು ಹರಿಯುವಂತೆ ಹಾಡತೊಡಗಿದರು. ನನ್ನ ಮಾತಿಗೆ ಕಿವುಡಾದ ಕಿವಿಗಳು ಸಂತಜ್ಜನ ಹೆಸರೆತ್ತಿದೊಡನೆ ನಿಮಿರುವುದನ್ನು ಕಂಡು ನನ್ನ ತಲೆಯಲ್ಲಿ ದಿವ್ಯಜ್ಞಾನ ಉದಯಿಸಿತು.

"ಹಿಸ್ಕೆ, ಈ ಸಲ ನಾನೇ ಸಂತಜ್ಜನ ವೇಷ ಹಾಕ್ಕೊಂಡು ಮನೆಗೆ ಬರ್ತೀನಿ."

"ಯಾಕೆ?"

"ಮಕ್ಕಳಿಗೆ ಖುಷಿಯಾಗ್ಲಿ ಅಂತ."

"ನಿಜ ಹೇಳು, ಡೌವೆ."

"ಒಂದ್ಸಲನಾದ್ರೂ ಈ ಮನೇಲಿ ನಾನು ಹೇಳಿದ್ದನ್ನ ಯಾರಾದ್ರೂ ಕೇಳ್ಲಿ ಅಂತ!"

ಅವಳು ಕೈಯಲ್ಲಿದ್ದ ಹಿಟ್ಟನ್ನು ನಾದುವುದು ನಿಲ್ಲಿಸಿ ನನ್ನನ್ನೇ ನೋಡಿದಳು. "ಆಗ್ಲಿ. ಆದ್ರೆ ಆ ಗಡ್ಡ ಅಂಟಿಸ್ಕೊಂಡ ಮೇಲೆ ಅವ್ರು ಹೇಳಿದ್ದನ್ನ ನೀನೂ ಕೇಳ್ಬೇಕಾಗುತ್ತೆ."

ಹೆಂಡತಿಯರು ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಡುವುದು ಹೊಸದಲ್ಲ. ನಾನು ಗಮನಿಸಲಿಲ್ಲ.

ಊರಿನ ನಾಟಕ ತಂಡದಿಂದ ಕೆಂಪು ನಿಲುವಂಗಿ, ಎತ್ತರದ ಟೋಪಿ, ದಂಡ, ಗಡ್ಡ ತಂದೆ. ಗಡ್ಡಕ್ಕೆ ಹಿಂದಿನ ಹತ್ತು ಮಂದಿ ಸಂತರು ಕುಡಿದ ಕಾಫಿಯ ವಾಸನೆ ಇತ್ತು. ಸಂತಜ್ಜನ ಕೈಯಲ್ಲಿರುವ ದಪ್ಪ ಕೆಂಪು ಪುಸ್ತಕದಲ್ಲಿ ಮಕ್ಕಳ ವರ್ಷದ ನಡತೆಯೆಲ್ಲ ಬರೆದಿರುತ್ತದಲ್ಲ, ಅದನ್ನು ನಾನೇ ಭರ್ತಿ ಮಾಡಿದೆ. ನೀಂಕೆಗೆ ಆರು ದೂರು, ಯೋರಿಟ್‌ಗೆ ಒಂಬತ್ತು. ಹೊಗಳಿಕೆ ತಲಾ ಒಂದು (ಹಿಸ್ಕೆ ಒತ್ತಾಯಿಸಿದ್ದಕ್ಕೆ).

ಶನಿವಾರ ಮಧ್ಯಾಹ್ನ ಯಾರದೋ ಅಂಗಡಿಯ ಗಾಜು ಒಡೆದಿದೆಯೆಂದು ಸುಳ್ಳು ಹೇಳಿ ಹೊರಬಿದ್ದು, ಹಿತ್ತಲಿನ ಶೆಡ್ಡಿನಲ್ಲಿ ಸಂತನಾಗಿ, ಮುಂಬಾಗಿಲು ತಟ್ಟಿದೆ. ಒಳಗೆ ಕಾಲಿಟ್ಟೊಡನೆ ಟೋಪಿ ದೀಪಕ್ಕೆ ಬಡಿಯಿತು. ಆದರೂ ಮಕ್ಕಳು ಎದ್ದು ನಿಂತರು! ನನ್ನ ಮಕ್ಕಳು, ನನ್ನನ್ನು ಕಂಡು, ಎದ್ದು ನಿಂತರು! ಕಣ್ಣು ತುಂಬಿ ಬಂತು (ಸ್ವಲ್ಪ ಗಡ್ಡದ ಧೂಳಿಗೂ ಇರಬಹುದು).

"ನೀಂಕೆ," ಎಂದೆ, ಹೊಟ್ಟೆಯ ಆಳದಿಂದ ದನಿ ತೆಗೆದು. "ಹಾದಿಗೆ ಅಡ್ಡ ಸೈಕಲ್ ನಿಲ್ಲಿಸೋದು ಯಾರಮ್ಮ?"

"ನಾನು, ಸಂತಜ್ಜಾ. ಇನ್ಮೇಲೆ ನಿಲ್ಲಿಸಲ್ಲ."

"ಯೋರಿಟ್, ಪುಟ್ಟ ಕೋಸು?"

"ತಿಂತೀನಿ, ಸಂತಜ್ಜಾ."

ಆಹಾ! ಹತ್ತು ನಿಮಿಷದಲ್ಲಿ ಹದಿನೈದು ದೂರುಗಳೂ ಇತ್ಯರ್ಥವಾದವು. ನಾನು ಇನ್ನೇನು ಪುಸ್ತಕ ಮುಚ್ಚಬೇಕು, ಅಷ್ಟರಲ್ಲಿ ಯೋರಿಟ್ ಬೆರಳೆತ್ತಿದ.

"ನಮ್ಮಪ್ಪನ ಪುಟ ಎಲ್ಲಿದೆ?"

"ನಿಮ್ಮಪ್ಪ ತುಂಬ ಒಳ್ಳೆಯವರು, ಮಗು. ಅವರ ಪುಟ ಖಾಲಿ."

"ಸರಿಯಾಗಿ ನೋಡಿ," ಎಂದ ಯೋರಿಟ್.

ಬಾಗಿಲಿಗೊರಗಿ ನಿಂತಿದ್ದ ಹಿಸ್ಕೆ ಗೋಡೆಯ ಕಡೆ ತಿರುಗಿಕೊಂಡಳು. ಅವಳ ಭುಜಗಳು ಮಾತ್ರ ಕುಣಿಯುತ್ತಿದ್ದವು. ನೀಂಕೆ ತಮ್ಮನ ಕಿವಿಯಲ್ಲಿ ಏನೋ ಉಸುರಿದಳು. ಅವನು ಎರಡು ಹೆಜ್ಜೆ ಮುಂದೆ ಬಂದ.

"ಸಂತಜ್ಜಾ, ನಾನು ಆಟದ ಕ್ರೇನು ಕೇಳಿದ್ದೆ. ಅದು ಬೇಡ. ಅದರ ಬದ್ಲು ರಿನ್ಸೆ ದೊಡ್ಡಪ್ಪನ್ನ ಕರ್ಕೊಂಡ್ಬನ್ನಿ."

ನಾನು ಗಡ್ಡ ಸರಿಮಾಡಿಕೊಂಡೆ.

ರಿನ್ಸೆ ನನ್ನ ಒಡಹುಟ್ಟಿದ ಅಣ್ಣ. ಹಾರ್ಲಿಂಗೆನ್‌ನಲ್ಲಿರುತ್ತಾನೆ, ರೈಲಿನಲ್ಲಿ ಹತ್ತು ನಿಮಿಷ. ನಾವು ಮಾತಾಡಿ ಎರಡು ವರ್ಷವಾಗಿತ್ತು. ಡಿಸೆಂಬರ್ ಐದರ ಸಂಜೆ ಉಡುಗೊರೆಯ ಜೊತೆ ಸಂತಜ್ಜನ ಹೆಸರಿನಲ್ಲಿ ಕೀಟಲೆಯ ಪದ್ಯ ಬರೆದಿಡುತ್ತೇವೆ. ಪಡೆದವನೇ ಅದನ್ನು ಗಟ್ಟಿಯಾಗಿ ಓದಬೇಕು, ಎಲ್ಲರೂ ನಗಬೇಕು, ಯಾರೂ ಮುನಿಯಬಾರದು. ಆ ವರ್ಷ ರಿನ್ಸೆ ನನ್ನ ದೋಣಿಯ ಬಗ್ಗೆ ಪದ್ಯ ಬರೆದಿದ್ದ. ಆರು ವರ್ಷ ಬೆವರು ಸುರಿಸಿ ಕಟ್ಟಿದ ದೋಣಿ, ಕಾಲುವೆಗಿಳಿಸಿದ ನಾಲ್ಕೇ ನಿಮಿಷಕ್ಕೆ ತಳ ಕಂಡ ದೋಣಿ. ಇಪ್ಪತ್ತು ಸಾಲು! ಅಂಥ ಅವಮಾನ ಮಾಡಿದ ಅಣ್ಣನನ್ನು ನಾನೇ ಮೇಲೆಬಿದ್ದು ಕರೆಯಬೇಕೇ? ಇಷ್ಟು ಕಾಲ ನಾನು ಎಲ್ಲರಿಗೂ ಹೇಳುತ್ತ ಬಂದ ಕಥೆ ಇದು.

"ದೊಡ್ಡಪ್ಪ ಯಾಕೆ ಬರಲ್ಲ?" ಎಂದೆ, ಏನೂ ಗೊತ್ತಿಲ್ಲದ ಸಂತನಂತೆ.

ಉತ್ತರ ಕೊಟ್ಟವಳು ನೀಂಕೆ. "ಪದ್ಯ ಓದಿ ಅಪ್ಪಂಗೆ ಸಿಟ್ಟು ಬಂತು. 'ನಾನು ದೋಣಿನಾದ್ರೂ ಕಟ್ದೆ, ನಿಂಗೆ ಕಟ್ಕೊಂಡ ಹೆಂಡ್ತಿನೂ ಉಳಿಸ್ಕೊಳಕ್ಕಾಗ್ಲಿಲ್ಲ' ಅಂದ್ರು. ಆಗ ದೊಡ್ಡಮ್ಮ ಬಿಟ್ಟು ಹೋಗಿ ಸ್ವಲ್ಪ ದಿನ ಅಷ್ಟೇ ಆಗಿತ್ತು. ದೊಡ್ಡಪ್ಪ ಎದ್ದು ಕೋಟು ಹಾಕ್ಕೊಂಡು ಹೋಗ್ಬಿಟ್ರು. ಗುಂಡಿ ತಪ್ಪುತಪ್ಪಾಗಿ ಹಾಕ್ಕೊಂಡಿದ್ರು."

ಆ ಗುಂಡಿಗಳನ್ನು ನಾನು ನೋಡಿರಲಿಲ್ಲ. ಆರು ವರ್ಷದ ಹುಡುಗಿ ನೋಡಿದ್ದಳು.

"ದೊಡ್ಡವರ ವಿಷಯ, ಮಕ್ಕಳೇ," ಎಂದು ತೊದಲಿದೆ. "ಸಂತನಿಗೂ ಕಷ್ಟ."

"ಸ್ಪೇನ್‌ನಿಂದ ಹಡಗಲ್ಲಿ ಬರ್ತೀರಾ, ಕುದುರೆ ಹತ್ಕೊಂಡು ಛಾವಣಿ ಮೇಲೆ ಓಡಾಡ್ತೀರಾ," ಎಂದ ಯೋರಿಟ್. "ಒಂದು ಫೋನ್ ಮಾಡ್ಸೋಕಾಗಲ್ವಾ?"

ನೀವೇ ಹೇಳಿ, ಏನು ಮಾಡಲಿ? ಈ ಊರಿನಲ್ಲಿ ಸಂತಜ್ಜ ಕೈಲಾಗದವನು ಎಂಬ ಕೆಟ್ಟ ಹೆಸರು ನನ್ನಿಂದ ಬರಬಾರದು. "ಇವತ್ತೇ ನಿಮ್ಮಪ್ಪನ ಕೈಲಿ ಮಾಡಿಸ್ತೀನಿ," ಎಂದುಬಿಟ್ಟೆ.

ಶೆಡ್ಡಿನಲ್ಲಿ ವೇಷ ಕಳಚಿ ಅಪ್ಪನಾಗಿ ಒಳಗೆ ಬಂದರೆ ಇಬ್ಬರೂ ಕಾಲಿಗೆ ತೊಡರಿಕೊಂಡರು. "ಸಂತಜ್ಜ ಬಂದಿದ್ರು! ನೀನು ಫೋನ್ ಮಾಡ್ಬೇಕಂತೆ!"

"ನಾಳೆ ಮಾಡೋಣ. ಇವತ್ತು ಶನಿವಾರ, ಅವನು..."

"ಸಂತಜ್ಜನ ಮಾತು, ಡೌವೆ," ಎಂದಳು ಹಿಸ್ಕೆ, ನಗದೆ. "ಮೀರೋಕೆ ನಾವ್ಯಾರು?" ಫೋನನ್ನು ನನ್ನ ಕೈಗಿತ್ತು ಮಕ್ಕಳನ್ನು ಅಡುಗೆಮನೆಗೆ ಕರೆದೊಯ್ದಳು.

ಐದು ಸಲ ರಿಂಗಾಯಿತು.

"ಯಾರು ಸತ್ರು?" ಎಂದ ರಿನ್ಸೆ.

"ಯಾರೂ ಇಲ್ಲ. ಐದನೇ ತಾರೀಕು ಸಂಜೆ ಮನೆಗೆ ಬಾ."

ಆಚೆಯ ಬಂದರಿನಿಂದ ಕಡಲಕಾಗೆಗಳ ಕೂಗು ಕೇಳುತ್ತಿತ್ತು.

"ಮಕ್ಕಳು ಕರೆದ್ರೋ? ನೀನು ಕರೀತಿದೀಯೋ?"

ಮಕ್ಕಳ ಮೇಲೆ ಹಾಕಿ ಬಚಾವಾಗಬಹುದಿತ್ತು. "ನಾನೇ," ಎಂದೆ. "ಅವತ್ತು ಆ ಮಾತು ಆಡಬಾರದಾಗಿತ್ತು, ರಿನ್ಸೆ. ಆಡಿದ ಕ್ಷಣಾನೇ ಗೊತ್ತಾಯ್ತು. ಆಮೇಲೆ ನಿನ್ನ ಪದ್ಯದ್ದೇ ತಪ್ಪು ಅಂತ ಊರೆಲ್ಲ ಸಾರ್ಕೊಂಡು ಬಂದೆ."

"ಪದ್ಯ ಸ್ವಲ್ಪ ಉದ್ದ ಆಗಿತ್ತು," ಎಂದ ಅವನು ಕೊನೆಗೆ. "ಇಪ್ಪತ್ತು ಸಾಲು ಬೇಕಿರ್ಲಿಲ್ಲ. ಎಷ್ಟು ಗಂಟೆಗೆ ಬರ್ಲಿ?"

ಬಂದ. ಮೊದಲ ಅರ್ಧ ಗಂಟೆ ನಾವಿಬ್ಬರೂ ಹವಾಮಾನದ ಬಗ್ಗೆ ಮಾತಾಡಿದ್ದು ಕೇಳಿದ್ದರೆ ಯಾರಾದರೂ ರೇಡಿಯೋ ಎಂದುಕೊಳ್ಳುತ್ತಿದ್ದರು. ಯೋರಿಟ್ ದೊಡ್ಡಪ್ಪನ ತೊಡೆಯಿಂದ ಇಳಿಯಲಿಲ್ಲ. (ಕ್ರೇನೂ ಬಂದಿತ್ತು. ಸಂತಜ್ಜ ಲೆಕ್ಕದಲ್ಲಿ ಸಡಿಲ.) ನನ್ನ ಪೊಟ್ಟಣದಲ್ಲಿ ಉಣ್ಣೆಯ ಕೈಗವಸುಗಳ ಜೊತೆ ಒಂದು ಚೀಟಿ, ರಿನ್ಸೆಯ ಕೈಬರಹ. ಎದ್ದು ನಿಂತು ಗಟ್ಟಿಯಾಗಿ ಓದಿದೆ:

"ಬಾಯಿಗೆ ಬೀಗ ಜಡಿದು ಕೂತರು ದೊಡ್ಡವರಿಬ್ಬರು,
ಬೀಗದ ಕೈ ಹುಡುಕಿ ತಂದರು ಸೊಂಟದೆತ್ತರದವರಿಬ್ಬರು."

ಎರಡೇ ಸಾಲು. ಎರಡನೆಯದನ್ನು ಮುಗಿಸಲು ನಾನು ನೀರು ಕುಡಿಯಬೇಕಾಯಿತು. ರಿನ್ಸೆ ಕಿಟಕಿಯಾಚೆ ನೋಡುತ್ತ, "ಗಾಜು ಚೆನ್ನಾಗಿ ಕೂರಿಸಿದೀಯ," ಎಂದ. ನನ್ನ ಅಣ್ಣನ ಬಾಯಿಂದ ಅದು ಕಾವ್ಯಕ್ಕಿಂತ ದೊಡ್ಡದು.

ಊಟವಾದ ಮೇಲೆ ನಾನು ತಟ್ಟೆ ತೊಳೆಯುತ್ತಿದ್ದೆ, ನೀಂಕೆ ಒರೆಸುತ್ತಿದ್ದಳು. ಹಜಾರದಲ್ಲಿ ಯೋರಿಟ್ ಕಿಲಕಿಲ ನಗುತ್ತಿದ್ದ.

"ಅಪ್ಪಾ, ಒಂದು ವಿಷಯ ಹೇಳ್ಲಾ? ಯೋರಿಟ್‌ಗೆ ಹೇಳ್ಬಾರ್ದು. ಅವ್ನು ಇನ್ನೂ ಚಿಕ್ಕವನು."

"ಹೇಳಲ್ಲ."

"ಅಮ್ಮಂಗೂ ಹೇಳ್ಬಾರ್ದು. ಸಂತಜ್ಜನ ಗುಟ್ಟು ನಂಗೆ ಗೊತ್ತಿಲ್ಲ ಅಂದ್ಕೊಂಡಿದಾಳೆ, ಪಾಪ, ಬೇಜಾರು ಮಾಡ್ಕೋತಾಳೆ."

ನನ್ನ ಕೈಯ ತಟ್ಟೆ ನೀರಿಗೆ ಜಾರಿತು. "ಯಾವಾಗಿಂದ ಗೊತ್ತು?"

"ಹೋದ ವರ್ಷದಿಂದ." ತಟ್ಟೆಯನ್ನು ಎತ್ತಿ, ನಿಧಾನವಾಗಿ ಒರೆಸಿ, ಕಪಾಟಿನಲ್ಲಿಟ್ಟಳು. "ನೀನು ವೇಷ ಚೆನ್ನಾಗಿ ಮಾಡ್ದೆ ಅಪ್ಪಾ, ಬೇಜಾರು ಮಾಡ್ಕೋಬೇಡ. ಆದ್ರೆ ಮುಂದಿನ ವರ್ಷ ದೊಡ್ಡಪ್ಪನ ಕೈಲಿ ಮಾಡ್ಸೋಣ. ಅವ್ರು ಹೇಳಿದ್ರೆ ಎಲ್ರೂ ಕೇಳ್ತಾರೆ."